ಮರಳಿನ ಬಣ್ಣದ ಬೈಕು

ಹೊಳೆಯ ದಡದಲ್ಲಿ ಒಂದು ತಗಡಿನ ಶೆಡ್ಡು. ಜನ ಅದನ್ನು ಆಶ್ರಮ ಎನ್ನುತ್ತಿದ್ದರು. ಅಲ್ಲಿ ಗದ್ದುಗೆ ಇರಲಿಲ್ಲ, ರಸೀದಿ ಪುಸ್ತಕ ಇರಲಿಲ್ಲ. ಕಾಲಿಗೆ ಬೀಳಲು ಬಂದವರಿಗೆ ಬೈಗುಳ ಮಾತ್ರ ಧಾರಾಳವಾಗಿತ್ತು.

ಬೈಯುವವನು ನಿರುಪಾದಿ ಅಜ್ಜ. ಬೈಸಿಕೊಂಡೂ ಪ್ರತಿ ಭಾನುವಾರ ಬರುವವನು ಯಮನೂರ. ಅವನು ಕರೆಂಟಿನ ಲೈನ್‌ಮನ್. ಓದು ಬರಹವನ್ನೂ, ಸಾಹೇಬರ ಮುಂದೆ ತಲೆ ಎತ್ತಿ ನಿಲ್ಲುವುದನ್ನೂ ಅಜ್ಜನಿಂದಲೇ ಕಲಿತವನು.

ಒಂದು ಭಾನುವಾರ ಅಜ್ಜ ಹೇಳಿದ: "ಯಮನೂರಾ, ನನ್ನ ಕಣ್ಣು ಹೋಗಾಕತ್ತಾವು."

"ದವಾಖಾನಿಗಿ ಹೋಗೂಣ ನಡ್ರಿ."

"ಹೋಗಿ ಬಂದೆ. ಒಳಗ ನರ ಒಣಗ್ಯಾವಂತ. ಹೊಳ್ಳಿ ಬರಂಗಿಲ್ಲಂತ. ಆರು ತಿಂಗಳು ಕಂಡ್ರ ಹೆಚ್ಚು ಅಂದಾರ."

ಯಮನೂರ ಮೂಗೆಳೆದುಕೊಂಡ.

"ಅಳಬ್ಯಾಡ. ಒಂದು ಕೆಲಸ ಮಾಡು. ಗುಡ್ಡದಾಚಿ ನಮ್ಮ ಅಕ್ಕ ಅದಾಳ. ಕಣ್ಣು ಹೋಗೂದ್ರಾಗ ಆಕಿ ಮುಖ ಒಂದ್ಸಲ ನೋಡಬೇಕು."

ಅಕ್ಕನ ಹೆಸರು ದ್ಯಾಮವ್ವ. ತಾಯಿ ಸತ್ತ ಮೇಲೆ ತಮ್ಮನನ್ನು ಸೊಂಟದ ಮೇಲೆ ಹೊತ್ತು ಸಾಕಿದವಳು. ಮೊದಲು ಅಜ್ಜ ಪ್ರತಿ ವರ್ಷ ಗುಡ್ಡ ಹತ್ತಿ ಅವಳ ಹತ್ತಿರ ಹೋಗುತ್ತಿದ್ದ. ಮಂಡಿ ಕೆಟ್ಟು ಮೂರು ವರ್ಷವಾಗಿತ್ತು. ಅವಳ ಊರಿಗೆ ಡಾಂಬರು ಮುಗಿದ ಮೇಲೆ ಒಂಬತ್ತು ಕಿಲೋಮೀಟರ್ ಕಲ್ಲು, ಮುಳ್ಳು, ಒಂದು ಹಳ್ಳ.

ಯಮನೂರ ಕಣ್ಣೊರೆಸಿಕೊಂಡ. "ನಾ ಕರಕೊಂಡು ಹೋಗ್ತೀನ್ರಿ ಅಜ್ಜಾ. ಹೊಸ ಬೈಕಿಗೆ ಹೆಸರು ಹಚ್ಚೀನಿ. ಅಡ್ವೆಂಚರ್ ಬೈಕು. ರಸ್ತಾ ಇಲ್ಲದ ಕಡೀನ ಹೋಗಾಕ ಮಾಡ್ಯಾರ ಅದನ್ನ."

"ನಿನ್ನ ಹಳೇ ಬೈಕು ಏನಾಗೈತಿ?"

"ಅದು ಡಬ್ಬಾ ಐತ್ರಿ. ನಿಮ್ಮ ನಡಾ ಮುರೀತೈತಿ."

"ಮುರಿದಿದ್ದು ಎಷ್ಟು, ಉಳಿದಿದ್ದು ಎಷ್ಟು. ನಾಳೆ ಹೋಗೂಣ?"

"ನಿಮ್ಮನ್ನ ಅದರ ಮ್ಯಾಲೆ ಕರಕೊಂಡು ಹೋಗಾಕ ನನಗ ಮನಸ್ಸಿಲ್ರಿ."

ಅಜ್ಜ ಒಲೆಗೆ ಕಟ್ಟಿಗೆ ದೂಡಿದ.

ಹೊಸ ಬೈಕು ಬರಲಿಲ್ಲ. ಶೋರೂಮಿನವನು ಹೇಳಿದ್ದು ಇಷ್ಟು: ಕಪ್ಪು ಬಣ್ಣದ್ದಾದರೆ ಇವತ್ತೇ ಒಯ್ಯಬಹುದು, ಮರಳಿನ ಬಣ್ಣದ್ದಾದರೆ ಕಾಯಬೇಕು. ಯಮನೂರ ಕಾಯುವುದಾಗಿ ಹೇಳಿ ಬಂದಿದ್ದ.

ಕಾಯುತ್ತ ಅವನು ಆ ಬೈಕನ್ನು ಬಾಯಿಪಾಠ ಮಾಡಿದ. ಎಷ್ಟು ಎತ್ತರ, ಮುಂದಿನ ಚಕ್ರಕ್ಕೆ ಎಷ್ಟು ಕಡ್ಡಿ, ಸೈಲೆನ್ಸರಿನ ಮೇಲೆ ಎಷ್ಟು ಸ್ಕ್ರೂ, ಎಲ್ಲ ಹೇಳುತ್ತಿದ್ದ. ಮೊಬೈಲಿನಲ್ಲಿ ಫೋಟೋ ತೋರಿಸುತ್ತಿದ್ದ.

ಅಜ್ಜ ಫೋಟೋವನ್ನು ಮೂಗಿನ ಹತ್ತಿರ ಹಿಡಿದು ನೋಡಿದ.

"ಕಪ್ಪಂದ್ರ ಏನು ಮೋಸ ಐತಿ?"

"ಕಪ್ಪು ಎಲ್ಲಾರ ಹತ್ರ ಐತ್ರಿ. ನೀವು ಕುಂದ್ರೂ ಗಾಡಿ ಅಜ್ಜಾ, ಚಂದ ಇರಬೇಕು."

"ಕುಂತವನಿಗೆ ಗಾಡಿ ಕಾಣಂಗಿಲ್ಲೋ ತಮ್ಮಾ. ದಾರಿ ಕಾಣತೈತಿ."

"ನಿಮ್ಮದೊಂದು ಚಾಷ್ಟಿ," ಎಂದು ಯಮನೂರ ನಕ್ಕ.

ಮೂರನೆಯ ತಿಂಗಳು ಒಂದು ಬೆಳಿಗ್ಗೆ ಯಮನೂರ ಬಂದಾಗ ಒಲೆಯ ಮೇಲೆ ಚಹಾ ಕುದಿಯುತ್ತಿತ್ತು. ಅಜ್ಜ ಅದನ್ನು ಇಳಿಸಿ ಪಕ್ಕದಲ್ಲಿಟ್ಟು ಸುಮ್ಮನೆ ಕೂತ.

"ಚಾ ಕೊಡ್ರಿ ಅಜ್ಜಾ."

"ತಡಿ. ನೀಲಿ ಕಪ್ಪು-ಬಸಿ ಬರಬೇಕು."

"ಇಲ್ಲೇ ಎರಡು ಕಪ್ಪು ಅದಾವಲ್ರಿ."

"ಅವು ಬಿಳಿ ಅದಾವು."

"ಬಿಳಿ ಆದ್ರ ಏನಾತ್ರಿ?"

"ನೀ ಕುಡಿಯೂ ಚಾ. ಚಂದ ಇರಬೇಕು."

ಚಹಾ ಆರಿತು. ಯಮನೂರ ಬಿದ್ದು ಬಿದ್ದು ನಕ್ಕ. ಅಜ್ಜನಿಗೆ ವಯಸ್ಸಾಯಿತು, ಮಗುವಿನ ಹಾಗೆ ಆಡುತ್ತಾನೆ ಎಂದುಕೊಂಡ. ತಣ್ಣಗಾದ ಚಹಾವನ್ನು ಬಿಳಿ ಕಪ್ಪಿನಲ್ಲಿ ತಾನೇ ಸುರಿದುಕೊಂಡು ಕುಡಿದ. ಹೊರಡುವಾಗ ಅಜ್ಜನ ಭುಜ ತಟ್ಟಿದ.

"ಇನ್ನ ಸ್ವಲ್ಪ ದಿನ ಅಷ್ಟ ರೀ."

ನಾಲ್ಕು ತಿಂಗಳು ತುಂಬಿದ ಮೇಲೆ ಮೂರು ಭಾನುವಾರ ಅವನು ಆಶ್ರಮಕ್ಕೆ ಬರಲೇ ಇಲ್ಲ. ಶೋರೂಮಿಗೆ ಹೋಗಿ ಕೂರುತ್ತಿದ್ದ. ಬೇರೆಯವರ ಗಾಡಿಗಳು ಲಾರಿಯಿಂದ ಇಳಿಯುವುದನ್ನು ನೋಡುತ್ತಿದ್ದ.

ಐದನೆಯ ತಿಂಗಳು ಅವನ ಗಾಡಿ ಇಳಿಯಿತು.

ಅದು ನಿಜಕ್ಕೂ ಚಂದವಿತ್ತು. ಬೇಸಿಗೆಯ ಹೊಳೆಯ ಮರಳಿನದೇ ಬಣ್ಣ. ಕುದುರೆಯಂತೆ ಎತ್ತರ. ಯಮನೂರ ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟು ಹತ್ತಿಸಿದ. ಹೂವಿನ ಹಾರ ಹಾಕಿದ. ಸೀಟಿನ ಮೇಲಿನ ಪ್ಲಾಸ್ಟಿಕ್ ಕವರನ್ನು ತೆಗೆಯಲಿಲ್ಲ. ನೇರ ಹೊಳೆಯ ದಡಕ್ಕೆ ಬಂದು ಶೆಡ್ಡಿನ ಮುಂದೆ ಹಾರನ್ ಹೊಡೆದ.

"ಅಜ್ಜಾ! ಬಂತ್ರಿ!"

ಅಜ್ಜ ಹೊರಗೆ ಬಂದ. ಬಾಗಿಲ ಚೌಕಟ್ಟು ಹಿಡಿದು ನಿಂತ. ಮುಖ ಬೇವಿನ ಮರದ ಕಡೆಗಿತ್ತು. ಗಾಡಿ ಇನ್ನೊಂದು ಕಡೆಗಿತ್ತು.

"ಯಾವ ಕಡಿ ನಿಂತೀಯೋ?" ಎಂದ ಅಜ್ಜ.

ಯಮನೂರ ಎಂಜಿನ್ ಆರಿಸಿದ. ಕೀಲಿ ಕೆಳಗೆ ಬಿತ್ತು.

"ಯಾವಾಗಿಂದ ರೀ?"

"ಹೋದ ಅಮಾಸಿಗಿ ಹೊಳಿ ಕಾಣದಂಗ ಹೋತು. ಮೊನ್ನೆ ನನ್ನ ಕೈನೂ ಹೋದವು."

"ಯಾಕ ಹೇಳಲಿಲ್ರಿ?"

"ಹೇಳಿದೆ. ಹಳೇ ಗಾಡಿ ಸಾಕಂದೆ. ಕಪ್ಪಾದ್ರ ಏನಾತಂದೆ. ಚಾ ಆರಿಸಿ ತೋರಿಸಿದೆ. ನೀ ನಕ್ಕಿ."

"ಕಪಾಳಕ್ಕ ಹೊಡದು ಹೇಳಬೇಕಿತ್ತು!"

"ಹೊಡದ್ರ ಅಂಜಿ ನನ್ನ ಮಾತು ಕೇಳತಿದ್ದಿ. ಅದನ್ನ ಕಲಿಸಾಕ ನಾ ಇಷ್ಟು ವರ್ಷ ಕುಂತೀನೇನು?"

ಯಮನೂರ ಹಾರ ಕಿತ್ತು ಹೊಳೆಗೆ ಎಸೆದ. ನೆಲದ ಮೇಲೆ ಕುಕ್ಕರಿಸಿದ. ದೊಡ್ಡ ಗಂಡಸು, ಹನ್ನೊಂದು ಸಾವಿರ ವೋಲ್ಟಿನ ಕಂಬ ಹತ್ತುವವನು, ಗೊಳೋ ಎಂದು ಅತ್ತ.

"ಇನ್ನ ಹೋಗಿ ಏನು ಮಾಡೂದ್ರಿ? ಅಕ್ಕನ ಮುಖ ನಾನ ಕಸಗೊಂಡೆ."

ಅಜ್ಜ ದನಿಯ ಜಾಡು ಹಿಡಿದು ಬಂದ. ಅವನ ತಲೆಯ ಮೇಲೆ ಕೈಯಿಟ್ಟ. ಆಮೇಲೆ ಕೈ ಚಾಚಿ ಗಾಡಿಯನ್ನು ಮುಟ್ಟಿದ. ಟ್ಯಾಂಕು, ಹ್ಯಾಂಡಲ್ಲು, ಚಕ್ರದ ಕಡ್ಡಿಗಳು.

"ಅಬ್ಬಾ, ಎಮ್ಮಿ ಆದಂಗ ಐತಲ್ಲೋ! ಎಲ್ಲಿಂದ ಹತ್ತೂದು ಇದನ್ನ?"

"ಅಜ್ಜಾ, ಬ್ಯಾಡ್ರಿ."

"ನಾ ಹೊಂಟೀನಿ. ನೀ ಬರ್ತೀಯೋ ಇಲ್ಲೋ?"

ಬಟ್ಟೆ ಒಗೆಯುವ ಕಲ್ಲಿನ ಮೇಲೆ ನಿಂತು ಅಜ್ಜ ಗಾಡಿ ಹತ್ತಿದ.

ಡಾಂಬರು ಮುಗಿದಲ್ಲಿ ಮೂರು ಶಂಕುಸ್ಥಾಪನೆಯ ಕಲ್ಲುಗಳಿದ್ದವು. ಮೂರು ಚುನಾವಣೆಯವು. ರಸ್ತೆ ಮಾಡುತ್ತೇವೆಂದು ಮೂರರ ಮೇಲೂ ಬರೆದಿತ್ತು. ಅವುಗಳ ಹಿಂದೆ ಕಲ್ಲುದಾರಿ ಶುರುವಾಗುತ್ತಿತ್ತು.

ಯಮನೂರ ಅತ್ತ ಇತ್ತ ಬಾಗಿ ಬಾಗಿ ಓಡಿಸಿದ.

"ಯಾಕೋ ಹಾವಿನಂಗ ಹೊಂಟಿ?"

"ಜಾಲಿ ಮುಳ್ಳು ಅದಾವ್ರಿ. ಗೀರು ಬೀಳ್ತಾವು."

"ಯಾರಿಗಿ?"

"ಗಾಡಿಗ್ರಿ."

ಸ್ವಲ್ಪ ದೂರ ಹೋದ ಮೇಲೆ ಅಜ್ಜ ಕೇಳಿದ: "ಗಾಡಿಗಿ ಬಿದ್ದಿಲ್ಲಲ್ಲ?"

"ಇಲ್ರಿ."

"ಚಲೋ ಆತು. ಎಲ್ಲಾ ನನ್ನ ಮೊಣಕಾಲಿಗೆ ಬಿದ್ದಾವು."

ಯಮನೂರ ಗಾಡಿ ನಿಲ್ಲಿಸಿ ನೋಡಿದ. ಅಜ್ಜನ ಕಾಲಿನಿಂದ ರಕ್ತ ಇಳಿದು ಚಪ್ಪಲಿ ಅಂಟಾಗಿತ್ತು. ಹೆಗಲ ಮೇಲಿನ ಟವೆಲ್ ಹರಿದು ಕಟ್ಟಿದ.

"ಇನ್ನೊಂದು ಮಾತು," ಎಂದ ಅಜ್ಜ. "ಈ ಸೀಟಿನ ಮ್ಯಾಲಿಂದು ಏನೋ ಅದು? ಜಾರಿ ಜಾರಿ ನಿನ್ನ ಬೆನ್ನಿಗಿ ಬೀಳಾಕತ್ತೀನಿ."

ಯಮನೂರ ಪ್ಲಾಸ್ಟಿಕ್ ಕವರನ್ನು ಪರಪರನೆ ಹರಿದ.

ಅಲ್ಲಿಂದ ಮುಂದೆ ಅವನು ಮುಳ್ಳಿಗೆ ಬಾಗಲಿಲ್ಲ.

ಹಳ್ಳದಲ್ಲಿ ಗಾಡಿ ಸಿಕ್ಕಿಕೊಂಡಿತು. ಹಿಂದಿನ ಚಕ್ರ ಉಸುಕಿನೊಳಗೆ ತಿರುಗಿ ತಿರುಗಿ ಹೂತುಹೋಯಿತು. ಗಾಡಿ ಮೆಲ್ಲಗೆ, ನಿದ್ದೆ ಬಂದ ಎತ್ತಿನಂತೆ, ಒಂದು ಮಗ್ಗುಲಿಗೆ ಮಲಗಿತು. ಇಬ್ಬರೂ ಮೊಣಕಾಲುದ್ದ ನೀರಿಗೆ ಬಿದ್ದರು. ಅಜ್ಜ ನೀರೊಳಗೆ ಕೂತೇ ನಕ್ಕ.

ಎದುರಿನಿಂದ ಒಂದು ಮೊಪೆಡ್ ಬಂತು. ಓಡಿಸುತ್ತಿದ್ದವಳು ಒಬ್ಬ ಹೆಂಗಸು. ಎರಡು ಕಡೆ ಹಾಲಿನ ಕ್ಯಾನು, ಹಿಂದೆ ಹುಲ್ಲಿನ ಹೊರೆ. ಅವಳು ಇಳಿದು ಸೀರೆ ಎತ್ತಿ ಕಟ್ಟಿ ಯಮನೂರನ ಜೊತೆ ಕೈಹಾಕಿದಳು. ಗಾಡಿ ಎದ್ದಿತು.

"ಇದಕ್ಕ ಎಷ್ಟು ಕ್ಯಾನು ಹಿಡೀತಾವು ಅಣ್ಣಾ?"

"ಕ್ಯಾನು ಕಟ್ಟಾಕ ಬರಂಗಿಲ್ಲಕ್ಕಾ."

"ಹೌದಾ? ಮತ್ತ ಇಷ್ಟು ದೊಡ್ಡದ್ಯಾಕ?"

ಉತ್ತರಕ್ಕೆ ಕಾಯದೆ ಅವಳು ಮೊಪೆಡ್ ಹತ್ತಿ, ಎರಡು ಕಾಲನ್ನೂ ನೀರಲ್ಲಿ ಊರುತ್ತ ಹಳ್ಳ ದಾಟಿ ಹೋದಳು. ಹಾಲು ತುಳುಕಲಿಲ್ಲ.

"ಹಾಲಿನಾಕಿ ದಿನಾ ಎರಡು ಹೊತ್ತು ಇದ ದಾರ್‍ಯಾಗ ಬರ್ತಾಳ," ಎಂದ ಅಜ್ಜ. "ಅದಕ್ಕ ಏನಂತಾರೋ? ಅಡ್ವೆಂಚರ್?"

ಯಮನೂರ ಅಜ್ಜನನ್ನು ಹತ್ತಿಸಿಕೊಂಡು ಗಾಡಿ ಚಾಲೂ ಮಾಡಿದ.

ಹಳ್ಳದಾಚೆ ಏರು. ಈಗ ಅವನು ಎದ್ದು ನಿಂತು ಗಾಡಿ ಬಿಟ್ಟ. ಎಂಜಿನ್ ಗುಡುಗಿತು. ಬಂಡೆಯಿಂದ ಬಂಡೆಗೆ ಚಕ್ರ ಕಚ್ಚಿ ಕಚ್ಚಿ ಹತ್ತಿತು. ಗುಡ್ಡದ ಗಾಳಿ ಮುಖಕ್ಕೆ ಬಡಿಯಿತು. ಹಿಂದೆ ಅಜ್ಜ ಅವನ ಸೊಂಟ ಅವುಚಿ ಹಿಡಿದು ಕೂಗುತ್ತಿದ್ದ: "ಬಿಡೋ ಮಗನ! ಬಿಡು! ಚಲೋ ಐತೋ ನಿನ್ನ ಗಾಡಿ!"

ಐದು ತಿಂಗಳಲ್ಲಿ ಮೊದಲ ಸಲ ಅಜ್ಜ ಅದನ್ನು ಹೊಗಳಿದ್ದ. ಯಮನೂರನಿಗೆ ಖುಷಿಯಾಯಿತು. ಆ ಖುಷಿಯೇ ಎದೆಗೆ ಚುಚ್ಚಿತು.

ದ್ಯಾಮವ್ವ ಮನೆಯ ಕಟ್ಟೆಯ ಮೇಲೆ ಕೂತು ಶೇಂಗಾ ಸುಲಿಯುತ್ತಿದ್ದಳು. ಅವರು ಎದುರಿಗೆ ಬಂದು ನಿಂತ ಮೇಲೂ ಕೇಳಿದಳು: "ಯಾರ್‍ರಿ?"

"ನಾನು, ಅಕ್ಕಾ."

"ನಿರುಪಾದಿ!" ಶೇಂಗಾ ಮಡಿಲಿಂದ ಚೆಲ್ಲಿದವು. "ಮೂರು ವರ್ಷಾತಲ್ಲೋ ಮೂಳಾ! ಸತ್ತಿ ಅನ್ಕೊಂಡಿದ್ದೆ."

"ಸತ್ತಿದ್ರ ಹೇಳಿ ಕಳಸತಿದ್ದೆ."

ಅವಳು ಬೈಯುತ್ತ ಅತ್ತಳು, ಅಳುತ್ತ ಬೈದಳು. ಅಜ್ಜ ಅವಳ ಪಕ್ಕ ಕೂತು ತನ್ನ ಕಣ್ಣಿನ ಸುದ್ದಿ ಹೇಳಿದ. ಅವಳು ಅವನ ಕೈ ಹಿಡಿದುಕೊಂಡಳು.

ಆಮೇಲೆ ಅಜ್ಜ ಕರೆದ: "ಯಮನೂರಾ, ಬಾ. ಅಕ್ಕನ ಮುಖ ಹೆಂಗೈತಿ ಹೇಳು."

ಯಮನೂರ ನೋಡಿದ. "ವಯಸ್ಸಾಗೈತ್ರಿ ಅಮ್ಮಗ."

"ಅಷ್ಟ ಏನು? ಗಾಡಿದು ಸ್ಕ್ರೂ ಎಣಿಸಿ ಹೇಳಿದ್ದಿಯಲ್ಲೋ."

ಯಮನೂರ ಅವಳ ಮುಂದೆ ಮಂಡಿಯೂರಿದ. ಈ ಸಲ ನಿಧಾನವಾಗಿ ನೋಡಿದ.

"ಹಣೀ ಮ್ಯಾಲೆ ಹಚ್ಚಿ ಐತ್ರಿ. ಗದ್ದದ ಮ್ಯಾಲೆ ಮೂರು ಚುಕ್ಕಿ."

"ಹೂಂ."

"ಮ್ಯಾಲಿನ ಹಲ್ಲು ಒಂದ ಉಳದೈತಿ. ಎಡ ಹುಬ್ಬಿನ್ಯಾಗ ಹಳೇ ಗಾಯದ ಗುರುತೈತಿ."

"ಅದು ನಾ ಒಗದ ಕಲ್ಲು."

"ಒಂದು ಮಾವಿನಕಾಯಿ ಸಲುವಾಗಿ," ಎಂದಳು ದ್ಯಾಮವ್ವ. "ಕಾಯಿನೂ ಇವನ ತಿಂದ."

ಇಬ್ಬರೂ ನಕ್ಕರು. ನಗು ಒಂದೇ ತರಹ ಇತ್ತು. ಯಮನೂರ ಅದನ್ನೂ ಹೇಳಿದ.

"ಕಣ್ಣು?" ಎಂದ ಅಜ್ಜ.

"ನಗಾಕತ್ತಾವ್ರಿ."

"ಇನ್ನ ಹತ್ರ ಹೋಗಿ ನೋಡು."

ಯಮನೂರ ಬಾಗಿದ. ಅವನ ದನಿ ಬದಲಾಯಿತು.

"ಅಜ್ಜಾ... ಒಳಗ ಬೆಳ್ಳಗ ಐತ್ರಿ. ಎರಡರಾಗೂ. ಕೆನಿ ಕಟ್ಟಿದಂಗ."

ಅಜ್ಜ ಅಕ್ಕನ ಕಡೆ ತಿರುಗಿದ. "ಎಷ್ಟು ದಿನಾತು ಅಕ್ಕಾ?"

"ಎರಡು ದೀಪಾವಳಿ ಆದವು. ಕಣ್ಣಿನ ಕ್ಯಾಂಪಿನವರು ಬಂದು ಹೆಸರು ಬರಕೊಂಡು ಹೋಗ್ಯಾರ. ಗಾಡಿ ಕಳಸ್ತೀವಿ ಅಂದಾರ. ಕಾಯಾಕತ್ತೀನಿ."

"ನನ್ನ ಮುಖ ಕಾಣತೈತೇನು ನಿನಗ?"

"ಹೊಗಿಯೊಳಗ ಕುಂತಂಗ ಕಾಣ್ತಿ. ದನಿ ಕೇಳಿ ನೀನ ಅಂತ ಗೊತ್ತಾತು."

ಯಮನೂರ ಥಟ್ಟನೆ ಹೇಳಿದ: "ಅದು ಪೊರೆ ಅಜ್ಜಾ. ತಗದ್ರ ಕಾಣ್ತಾವು. ತಾಲೂಕು ದವಾಖಾನಿಯಾಗ ತಗೀತಾರ. ನಮ್ಮವ್ವಗೂ ಅಲ್ಲೇ ತಗದಾರ. ಮುಂದಿನ ವಾರ ಒಂದು ಜೀಪು ಮಾತಾಡಿ, ಮೆತ್ತಗ ಹಾಸಿಗಿ ಹಾಸಿ..."

ಅವನನ್ನು ಯಾರೂ ತಡೆಯಲಿಲ್ಲ. ಮಾತು ತಾನೇ ನಿಂತಿತು.

ಅವನು ಎದ್ದು ಅಂಗಳಕ್ಕೆ ಇಳಿದ. ಗಾಡಿಯನ್ನು ಬಂದ ದಾರಿಯ ಕಡೆಗೆ ತಿರುಗಿಸಿದ. ತನ್ನ ಜಾಕೆಟ್ ಬಿಚ್ಚಿ ನಾಲ್ಕು ಮಡಿಕೆ ಮಾಡಿ ಹಿಂದಿನ ಸೀಟಿಗೆ ಹಾಸಿದ. ಗಾಡಿಯನ್ನು ಕಟ್ಟೆಗೆ ಒತ್ತಿ ನಿಲ್ಲಿಸಿದ. ಕಟ್ಟೆಯ ಕಲ್ಲಿಗೆ ತಾಗಿ ಟ್ಯಾಂಕಿನ ಮೇಲೆ ಗೇಣುದ್ದ ಗೀರು ಬಿತ್ತು. ಅವನು ತಿರುಗಿಯೂ ನೋಡಲಿಲ್ಲ. ಹೆಲ್ಮೆಟ್ ತಂದು ದ್ಯಾಮವ್ವನ ಕೈಗೆ ಕೊಟ್ಟ.

"ನಡ್ರಿ ಅಮ್ಮಾ."

"ಏ, ಈಗಾ?" ಮುದುಕಿ ಗಾಬರಿಯಾದಳು. "ಸೊಸಿ ಕೂಲಿಗಿ ಹೋಗ್ಯಾಳ, ಬರೂದು ಸಂಜಿಗಿ. ಹಿತ್ತಲದಾಗ ಎರಡು ಆಡು ಕಟ್ಟೀನಿ. ಅವಕ್ಕ ಮೇವು ಹಾಕೋರು ಯಾರು?"

ಅಜ್ಜ ಗೋಡೆ ಸವರುತ್ತ ಎದ್ದು ನಿಂತ.

"ನಾ ಇಲ್ಲೇ ಇರ್ತೀನಿ. ಆಡು ಒದರಿದ ಕಡಿ ಮೇವು ಒಗೀತೀನಿ. ನೀ ಗಾಡಿ ಹತ್ತು, ಅಕ್ಕಾ."