ಕಾಲುವೆಗೆ ಚೆಲ್ಲಿದ ಮೊದಲ ಲೋಟ

"ತಾಯಿ, ಹಲವು ಗುರುಗಳ ಬಳಿ ಕಲಿತವನು ಕೊನೆಗೆ ಯಾರ ಶಿಷ್ಯ?" ಎಂದು ಇಂದುಧರ ಕೇಳಿದ.

ಅವನು ಜೋಳಿಗೆ ಹೆಗಲಿಗೇರಿಸಿಕೊಂಡೇ ಬಂದಿದ್ದ. ಮೊದಲು ಸೇರಿದ ಮಠದಲ್ಲಿ ಗುರು ಬೈಗುಳ ಬಿಟ್ಟು ಬೇರೇನೂ ಕೊಡಲಿಲ್ಲವೆಂದು, ಹೇಳದೆ ಕೇಳದೆ ಹೊರಟುಬಂದಿದ್ದ. ಆಮೇಲೆ ಒಂದು ಕಡೆ ಉಸಿರು ಹಿಡಿಯುವುದನ್ನು ಕಲಿತ. ಇನ್ನೊಂದು ಕಡೆ ಭಜನೆ ಕಲಿತ. ಈಗ ಈ ತಾಯಿಯ ಬಳಿ ಸುಮ್ಮನಿರುವುದನ್ನು ಕಲಿಯುತ್ತಿದ್ದ. ಎಲ್ಲವೂ ನಿಜವೆನಿಸುತ್ತಿತ್ತು. ಅದೇ ಅವನ ತೊಂದರೆ. ಇಲ್ಲಿಂದಲೂ ಹೊರಡಬೇಕೋ, ಉಳಿಯಬೇಕೋ ತಿಳಿಯದೆ ಬಾಗಿಲಲ್ಲಿ ನಿಂತಿದ್ದ.

ತಾಯಿ ಸೊಪ್ಪು ಬಿಡಿಸುತ್ತಿದ್ದರು. "ಕೂತುಕೋ. ಬೆಲ್ಜಿಯಂ ದೇಶದಲ್ಲಿ ಒಬ್ಬ ಹೆಂಗಸು ಬಿಯರು ಕುಡಿದ ಕತೆ ಹೇಳುತ್ತೇನೆ," ಎಂದರು.

"ಬಿಯರೇ, ತಾಯಿ?"

"ಕುಡಿ ಅನ್ನಲಿಲ್ಲ, ಕೇಳು ಅಂದೆ. ಅಲ್ಲಿ ಮಠದ ಸನ್ಯಾಸಿಗಳೇ ಅದನ್ನು ಕುದಿಸಿ ಹುದುಗಿಸುತ್ತಾರೆ. ನೀನೇನೂ ಗಾಬರಿಪಡಬೇಡ."

ಇಂದುಧರ ಕುಳಿತ. ಜೋಳಿಗೆ ಮಾತ್ರ ಇಳಿಸಲಿಲ್ಲ. ತಾಯಿ ಹೇಳತೊಡಗಿದರು.

ಕಾಲುವೆಗಳ ಊರೊಂದರಲ್ಲಿ, ಸೇತುವೆಯ ಮೇಲೆ ನಮ್ಮ ಕಡೆಯ ಒಬ್ಬ ಹೆಂಗಸು ನಿಂತಿದ್ದಳು. ಒಂದು ಕಾಲಿಗೆ ಶೂ ಇತ್ತು. ಇನ್ನೊಂದಕ್ಕೆ ಬರೀ ಕಾಲುಚೀಲ. ಕೈಯಲ್ಲಿ ಖಾಲಿ ಗಾಜಿನ ಲೋಟ. ಎದುರಿಗೆ ಬಂದ ಮೀನು ವ್ಯಾಪಾರಿಯನ್ನು ತಡೆದು, "ಅಣ್ಣಾ, ಈ ಲೋಟದ ಅಂಗಡಿಗೆ ಹೇಗೆ ಹೋಗಬೇಕು?" ಎಂದು ಕೇಳಿದಳು.

ವ್ಯಾಪಾರಿ ಲೋಟವನ್ನು ತಿರುಗಿಸಿ ನೋಡಿದ. ಅದರ ಮೇಲೆ ಹೆಸರಿರಲಿಲ್ಲ. "ಇದರಲ್ಲಿ ಏನು ಕುಡಿದಿರಿ?"

"ಬಿಯರು."

"ಈ ಊರಲ್ಲಿ ಇನ್ನೇನು ಕುಡಿಯುತ್ತಾರೆ, ಅಮ್ಮಾ? ಎಂಥ ಬಿಯರು?"

"ಹುಳಿ."

"ಎಂಥ ಹುಳಿ?"

ಹೆಂಗಸಿಗೆ ಹೇಳಲು ಬರಲಿಲ್ಲ. ಅವಳು ಅದನ್ನು ಒಂದು ಗುಟುಕಿಗಿಂತ ಹೆಚ್ಚು ಕುಡಿದೇ ಇರಲಿಲ್ಲ.

ಆ ದಿನ ಬೆಳಗ್ಗೆ ಅವಳು ಒಂದು ಬಿಯರಂಗಡಿಗೆ ಹೋಗಿದ್ದಳು. ಆ ದೇಶದಲ್ಲಿ ಒಂದೊಂದು ಬಿಯರಿಗೂ ಅದರದೇ ಲೋಟ. ಲೋಟ ಚೆಂದವಿದ್ದರೆ ಗಿರಾಕಿಗಳು ಚೀಲಕ್ಕೆ ಹಾಕಿಕೊಂಡು ನಡೆಯುವುದೂ ಉಂಟು. ಅದಕ್ಕೆ ಆ ಅಂಗಡಿಯವನು ಬಂದವರ ಒಂದು ಶೂ ಒತ್ತೆಯಾಗಿ ತೆಗೆದುಕೊಂಡು, ಬುಟ್ಟಿಗೆ ಹಾಕಿ, ಹಗ್ಗ ಎಳೆದು ಸೂರಿಗೆ ಏರಿಸುತ್ತಿದ್ದ. ಲೋಟ ಹಿಂದಕ್ಕೆ ಬಂದರೆ ಬುಟ್ಟಿ ಇಳಿಯುತ್ತಿತ್ತು.

ಹೆಂಗಸಿನ ಒಂದು ಕಾಲು ಇನ್ನೊಂದಕ್ಕಿಂತ ಗಿಡ್ಡ. ಆ ಕಾಲಿನ ಶೂಗೆ ಅವಳ ಊರಿನ ಮೋಚಿ ದಪ್ಪ ಅಟ್ಟೆ ಹಾಕಿ ಹೊಲಿದುಕೊಟ್ಟಿದ್ದ. ಅಂಗಡಿಯವನು ಕೈ ತೋರಿಸಿದ್ದು ಅದೇ ಕಾಲಿನ ಕಡೆಗೆ. ಇದು ಬೇಡ, ಆ ಕಡೆಯದು ತೆಗೆದುಕೊಳ್ಳಿ ಎಂದರೆ ಆಗುತ್ತಿತ್ತು. ಅವಳಿಗೆ ಸಂಕೋಚ. ಬಿಚ್ಚಿ ಕೊಟ್ಟಳು.

ಬಿಯರು ಬಂತು. ಒಂದು ಗುಟುಕಿಗೇ ಮುಖ ಹಿಂಡಿಹೋಯಿತು.

"ಹೇಗಿದೆ?" ಎಂದ ಅಂಗಡಿಯವನು.

"ತುಂಬಾ ಚೆನ್ನಾಗಿದೆ," ಎಂದಳು.

ಕೊಟ್ಟವರ ಎದುರಿಗೆ ಚೆನ್ನಾಗಿಲ್ಲ ಅನ್ನುವುದು ಅವಳ ಮನೆತನದಲ್ಲೇ ಇರಲಿಲ್ಲ. ಬಡಿಸಿದ್ದನ್ನು ಬಿಟ್ಟೇಳುವುದೂ ಇರಲಿಲ್ಲ. ಅವನು ಆ ಕಡೆ ತಿರುಗಿದ್ದೇ ಲೋಟ ಹಿಡಿದು ಹೊರಗೆ ಬಂದು, ಎದುರಿಗಿದ್ದ ಕಾಲುವೆಗೆ ಸುರಿದಳು. ತಕ್ಷಣ ಒಳಗೆ ಹೋದರೆ ಖಾಲಿ ಲೋಟ ನೋಡಿ ಮತ್ತೆ ತುಂಬಿಸಿಬಿಟ್ಟಾನು ಎಂದು ಹೆದರಿದಳು. ಮದುವೆ ಮನೆಯ ಪಂಕ್ತಿಯಲ್ಲಿ ಎಲೆ ಖಾಲಿ ಮಾಡಿದವರ ಗತಿ ಅವಳಿಗೆ ಗೊತ್ತಿತ್ತು. ಒಂದು ಸುತ್ತು ಹಾಕಿ ಬರೋಣವೆಂದು ಹೊರಟಳು. ಆ ಊರಿನಲ್ಲಿ ಕಾಲುವೆಗಳೆಲ್ಲ ಒಂದೇ ಥರ. ಸೇತುವೆಗಳೂ ಒಂದೇ ಥರ. ಎರಡು ಓಣಿ ದಾಟುವಷ್ಟರಲ್ಲಿ ಬಂದ ದಾರಿ ಯಾವುದೆಂದು ತಿಳಿಯಲಿಲ್ಲ.

ಮರುದಿನ ಅವಳು ಮುಂದಿನ ಊರಿಗೆ ಹೊರಡಬೇಕಿತ್ತು. ತಿರುಗುವುದೇ ಅವಳ ಬದುಕು. ಆ ಶೂ ಇಲ್ಲದಿದ್ದರೆ ಮುಂದಿನ ಊರೂ ಇಲ್ಲ, ಹಿಂದಿನ ಊರೂ ಇಲ್ಲ.

ಮೀನು ವ್ಯಾಪಾರಿ ಹತ್ತಿರದ ಒಂದು ಬಿಯರಂಗಡಿ ತೋರಿಸಿ, "ಅಲ್ಲಿ ಕೇಳಿ," ಎಂದ. ಅವಳು ಕುಂಟಿಕೊಂಡು ಹೋದಳು.

ಅಲ್ಲಿದ್ದ ಹುಡುಗಿ ಲೋಟ ನೋಡಿ, "ಇದು ನಮ್ಮದಲ್ಲ. ಇದರಲ್ಲಿ ಏನಿತ್ತು?" ಎಂದಳು.

"ಏನೋ ಹುಳಿ."

"ನಮ್ಮಲ್ಲೂ ಹುಳಿಯದು ಇದೆ. ಕುಡಿದು ನೋಡಿ, ಇದೋ ಅಲ್ಲವೋ ಹೇಳಿ."

"ಈ ಲೋಟಕ್ಕೇ ಸ್ವಲ್ಪ ಹಾಕಮ್ಮ."

ಹುಡುಗಿ ಅವಳನ್ನು ಮೇಲಿಂದ ಕೆಳಗೆ ನೋಡಿದಳು. "ನಿಮ್ಮ ಹಲ್ಲುಜ್ಜುವ ಬ್ರಶ್ಶನ್ನು ಪಕ್ಕದ ಮನೆಯವರಿಗೆ ಕೊಡುತ್ತೀರಾ?"

ಆ ಬಿಯರಿನದೇ ಲೋಟ ಬಂತು. ಚೆರಿ ಹಣ್ಣು ನೆನೆಸಿಟ್ಟ ಕೆಂಪು ಬಿಯರು. ಹುಳಿ ಇತ್ತು, ಹಿಂದೆಯೇ ಹಣ್ಣಿನ ಸಿಹಿ ಬಂತು. "ಇದಲ್ಲ," ಎಂದಳು ಹೆಂಗಸು. "ಅದರಲ್ಲಿ ಹಣ್ಣಿರಲಿಲ್ಲ." ಹಾಗೆಂದ ಮೇಲೆ, ಇಷ್ಟಾದರೂ ಗೊತ್ತಾಯಿತಲ್ಲ ಎಂದು ಅವಳಿಗೇ ಆಶ್ಚರ್ಯವಾಯಿತು.

ಮುಂದಿನ ಅಂಗಡಿಯಲ್ಲಿ ಅಕ್ಕಿ ತೊಳೆದ ನೀರಿನಂತೆ ಬೆಳ್ಳಗಿದ್ದ ಗೋದಿಯ ಬಿಯರು ಕೊಟ್ಟರು. ಅದರಲ್ಲಿ ಕಿತ್ತಳೆ ಸಿಪ್ಪೆಯೂ ಕೊತ್ತಂಬರಿ ಬೀಜವೂ ಇದ್ದವು. ಎಲ್ಲಿಯೋ ಹುಟ್ಟಿದ ಬಿಯರಿನಲ್ಲಿ ತನ್ನ ಮನೆಯ ಸಾರಿನ ಪುಡಿಯ ವಾಸನೆ ಬಂದದ್ದಕ್ಕೆ ಅವಳು ಸ್ವಲ್ಪ ಹೊತ್ತು ಶೂ ಮರೆತು ಕುಳಿತಳು. ಅದೂ ಅಲ್ಲ. ಇನ್ನೊಂದು ಕಡೆ ಸನ್ಯಾಸಿಗಳ ಕಂದು ಬಿಯರು, ಅಗಲ ಬಾಯಿಯ ಬಟ್ಟಲಿನಲ್ಲಿ. ಪಾಕ ಮಾಡುವಾಗ ಬೆಲ್ಲ ತಳ ಹಿಡಿಯುತ್ತದಲ್ಲ, ಆ ರುಚಿ. ಮೊದಲ ಗುಟುಕಿಗೇ ಇದಲ್ಲ ಎಂದು ಗೊತ್ತಾಗಿತ್ತು. ಆದರೂ ಬಟ್ಟಲು ಮುಗಿಸಿದಳು. ಇನ್ನೊಂದೂ ಕೇಳಿದಳು.

ಪ್ರತಿಯೊಂದು ಅಂಗಡಿಯವರೂ ದಾರಿ ಹೇಳಿದರು. ಗಂಟೆ ಗೋಪುರ ಎಡಕ್ಕಿರಲಿ ಎಂದರು ಒಬ್ಬರು, ಬಲಕ್ಕಿರಲಿ ಎಂದರು ಇನ್ನೊಬ್ಬರು. ಅವಳು ಎರಡನ್ನೂ ಪಾಲಿಸಿ ಮತ್ತೆ ಮೀನು ವ್ಯಾಪಾರಿಯ ಸೇತುವೆಗೇ ಬಂದಳು. ಸಂಜೆಯ ಹೊತ್ತಿಗೆ ತಲೆಯಲ್ಲಿ ಊರೆಲ್ಲ ಕಲಸಿಹೋಗಿತ್ತು. ಕಾಲುಚೀಲ ಹರಿದಿತ್ತು. ನಾಲಿಗೆ ಮಾತ್ರ ತಿಳಿಯಾಗಿತ್ತು.

ಕೊನೆಗೆ ಹೊಕ್ಕ ಅಂಗಡಿಯಲ್ಲಿ ಒಬ್ಬ ಮುದುಕಿ ಇದ್ದಳು. ಅವಳೂ ಅದನ್ನೇ ಕೇಳಿದಳು. "ಇದರಲ್ಲಿ ಏನಿತ್ತು, ಮಗಳೇ?"

ಬೆಳಗ್ಗೆ ಕುಡಿದ ಆ ಒಂದು ಗುಟುಕನ್ನು ಹೆಂಗಸು ನೆನಪಿಗೆ ತಂದುಕೊಂಡಳು. "ಹಣ್ಣಿಲ್ಲ. ಬೀಜವಿಲ್ಲ. ಬೆಲ್ಲವಿಲ್ಲ. ಕಾಯಿ ಸೇಬಿನ ಸಿಪ್ಪೆ, ಹಳೇ ಮರ, ನೆನೆದ ಗೋಣಿಚೀಲ. ದೋಸೆ ಹಿಟ್ಟನ್ನು ಒಂದು ದಿನ ಹೆಚ್ಚಿಗೆ ಇಟ್ಟ ಹಾಗೆ."

ಮುದುಕಿಗೆ ದೋಸೆ ಹಿಟ್ಟು ಗೊತ್ತಿರಲಿಲ್ಲ. ಗೋಣಿಚೀಲ ಸಾಕಾಯಿತು. "ಹಾಗನ್ನು. ಅವನೊಬ್ಬನೇ ಅದನ್ನು ಮಾಡುವುದು. ಕಿಟಕಿ ತೆರೆದಿಟ್ಟು ಗಾಳಿಯಲ್ಲೇ ಹುಳಿ ಬರಿಸುತ್ತಾನೆ, ಆಮೇಲೆ ಮರದ ಪೀಪಾಯಿಯಲ್ಲಿ ವರ್ಷಗಟ್ಟಲೆ ಬಿಟ್ಟುಬಿಡುತ್ತಾನೆ. ಹಿತ್ತಿಲ ಬಾಗಿಲಿಂದ ಹೋಗು. ಎದುರಿಗೇ ಇದೆ."

ಎದುರಿಗೇ ಇತ್ತು.

ಬೆಳಗಿನ ಅಂಗಡಿಯವನೇ ಒಳಗಿದ್ದ. ಅವಳು ಲೋಟವನ್ನು ಅವನ ಮುಂದಿಟ್ಟಳು. ಅವನ ಕೈ ಹಗ್ಗದ ಕಡೆ ಹೋಯಿತು. ಅಷ್ಟಕ್ಕೆ ಶೂ ತೆಗೆದುಕೊಂಡು ಹೋಗಬಹುದಿತ್ತು.

"ತಡೆಯಿರಿ," ಎಂದಳು. "ನಿಮ್ಮ ಬಿಯರನ್ನು ನಾನು ಕಾಲುವೆಗೆ ಚೆಲ್ಲಿದೆ. ಚೆನ್ನಾಗಿದೆ ಅಂದದ್ದು ಸುಳ್ಳು."

"ಗೊತ್ತು," ಎಂದ ಅವನು. "ಕಾಲುವೆ ಈ ಕಿಟಕಿಯ ಎದುರಿಗೇ ಇದೆ. ಮೊದಲನೆಯದನ್ನು ಎಷ್ಟೋ ಜನ ಅಲ್ಲೇ ಚೆಲ್ಲುತ್ತಾರೆ. ಲೋಟ ಹೋದೀತು ಅಂತ ಶೂ ಇಟ್ಟುಕೊಳ್ಳುತ್ತೇನೆ ಅಂದುಕೊಂಡಿರಾ?"

ಅವನು ಅದೇ ಲೋಟವನ್ನು ತೊಳೆದು, ಅದೇ ಬಿಯರನ್ನು ತುಂಬಿಸಿ ಅವಳ ಮುಂದಿಟ್ಟ. ಹುಳಿ ಬೆಳಗ್ಗೆ ಇದ್ದಷ್ಟೇ ಇತ್ತು. ಅವಳು ಅವನ ಎದುರಿಗೇ ಕುಳಿತು, ಅವಸರವಿಲ್ಲದೆ, ತಳದವರೆಗೂ ಕುಡಿದಳು. ಹೇಗಿದೆ ಎಂದು ಅವನು ಕೇಳಲಿಲ್ಲ. ಖಾಲಿ ಲೋಟವನ್ನು ಅವಳು ಅವನ ಕೈಗೆ ಕೊಟ್ಟಳು. ಬುಟ್ಟಿ ಇಳಿಯಿತು.

ತಾಯಿ ಕತೆ ನಿಲ್ಲಿಸಿ, ಬಿಡಿಸಿದ ಸೊಪ್ಪನ್ನು ಮೊರಕ್ಕೆ ಹಾಕಿದರು.

"ಆಮೇಲೆ ಅವಳು ಅಲ್ಲೇ ಉಳಿದಳೇ?" ಎಂದು ಇಂದುಧರ ಕೇಳಿದ.

"ಶೂ ಸಿಕ್ಕಿತಲ್ಲ, ಯಾಕೆ ಉಳಿಯುತ್ತಾಳೆ? ಮುಂದಿನ ಊರಿಗೆ ಹೋದಳು."

"ಹಾಗಾದರೆ ನಾನು ಹೊರಡಬೇಕೇ, ತಾಯಿ, ಉಳಿಯಬೇಕೇ? ಕತೆ ಕೇಳಿ ಗೊಂದಲ ಹೆಚ್ಚೇ ಆಯಿತು."

ತಾಯಿ ಅವನ ಪಾದಗಳ ಕಡೆ ನೋಡಿದರು.

"ಆ ಬೈಯುವ ಗುರುವಿನ ಮಠದಲ್ಲಿ ಯಾವ ಕಾಲಿನ ಚಪ್ಪಲಿ ಬಿಟ್ಟುಬಂದೆ, ಇಂದುಧರ?"

ಇಂದುಧರ ಎದ್ದು ತಾಯಿಗೆ ನಮಸ್ಕರಿಸಿ, ಹೇಳದೆ ಬಿಟ್ಟುಬಂದಿದ್ದ ಆ ಮಠದ ದಾರಿ ಹಿಡಿದ.