ನಾಲ್ಕನೆಯ ಬೋಲ್ಟು

"ಬುದ್ಧಿ, ನಮಗೆ ಹೊಂದದ ಜನರ ಜೊತೆ ಕೆಲಸ ಮಾಡುವುದು ಹೇಗೆ?" ಎಂದು ಮರುಳಸಿದ್ಧ ತನ್ನ ಗುರುಗಳನ್ನು ಕೇಳಿದ.

ಗುರುಗಳು ಅವನನ್ನು ಮಠದ ಇನ್ನೊಂದು ಶಾಖೆಗೆ ಕಳಿಸಿದ್ದರು. ಅಲ್ಲಿ ಬಡಮಕ್ಕಳಿಗಾಗಿ ಒಂದು ಪ್ರಸಾದ ನಿಲಯವಿತ್ತು. ಅದನ್ನು ಬಹುಕಾಲ ನಡೆಸಿದ ಹಿರಿಯರು ತೀರಿಕೊಂಡಿದ್ದರು. ಅವರ ಜಾಗಕ್ಕೆ ಇವನು ಹೋಗಿದ್ದ. ಹೋಗಿ ವರ್ಷ ತುಂಬಿರಲಿಲ್ಲ, ಅಷ್ಟರಲ್ಲೇ ಅಡುಗೆಯವನನ್ನು ಬದಲಾಯಿಸಿದ್ದ. ಹೊಸ ಅಡುಗೆಯವನೂ ಸರಿಬರಲಿಲ್ಲ. ಪಾಠ ಹೇಳುವ ಮೇಷ್ಟರು ಇವನೊಂದಿಗೆ ಮಾತು ಬಿಟ್ಟಿದ್ದರು.

"ಒಬ್ಬರನ್ನು ಬಿಡಿಸಿ ಇನ್ನೊಬ್ಬರನ್ನು ತಂದರೂ ಅದೇ ಪಾಡು. ತಾವೇ ಒಳ್ಳೆಯವರನ್ನು ಆರಿಸಿ ಕಳಿಸಿಕೊಡಬೇಕು. ಆಗದಿದ್ದರೆ ನನ್ನನ್ನು ವಾಪಸು ಕರೆಸಿಕೊಳ್ಳಬೇಕು" ಎಂದ.

ಗುರುಗಳು ಅವನನ್ನು ಕೂರಿಸಿಕೊಂಡು ಈ ಕತೆ ಹೇಳಿದರು.

ಒಂದೂರಿನಲ್ಲಿ ಒಬ್ಬ ಬಾಡಿಗೆ ಕಾರಿನವನಿದ್ದ. ಕಾರು ಹಳೆಯದು. ಅದನ್ನು ಮಾಡುತ್ತಿದ್ದ ಕಂಪನಿ ಅಂಥ ಕಾರು ಮಾಡುವುದನ್ನೇ ನಿಲ್ಲಿಸಿ ಬಹುಕಾಲವಾಗಿತ್ತು. ಆದರೆ ಇವನ ಕೈಯಲ್ಲಿ ಅದು ಹೂವೆತ್ತಿದ ಹಾಗೆ ಓಡುತ್ತಿತ್ತು. ಬಾನೆಟ್ಟಿಗೆ ಬೇರೆ ಯಾರೂ ಕೈ ಹಾಕಲು ಅವನು ಬಿಡುತ್ತಿರಲಿಲ್ಲ. ಎಣ್ಣೆ ಬದಲಾಯಿಸುವುದರಿಂದ ಹಿಡಿದು ಬ್ರೇಕು ಬಿಗಿಮಾಡುವವರೆಗೆ ಎಲ್ಲವೂ ಅವನದೇ. ನನ್ನ ಗಾಡಿ ನನಗೆ ಗೊತ್ತು ಎನ್ನುತ್ತಿದ್ದ. ಅದು ಬರೀ ಜಂಬವೂ ಆಗಿರಲಿಲ್ಲ, ನಿಜವಾಗಿಯೂ ಗೊತ್ತಿತ್ತು.

ಅದೇ ಊರಿನಲ್ಲಿ ಒಬ್ಬ ನಿವೃತ್ತ ಶಿಕ್ಷಕಿ ಇದ್ದರು. ಊರೆಲ್ಲ ಅವರನ್ನು ಟೀಚರಮ್ಮ ಎಂದೇ ಕರೆಯುತ್ತಿತ್ತು. ಇವನಿಗೆ ಅಕ್ಷರ ತಿದ್ದಿಸಿದವರೂ ಅವರೇ. ಅವರ ಎರಡೂ ಕಿಡ್ನಿ ಕೆಟ್ಟಿದ್ದವು. ಪ್ರತಿ ಮಂಗಳವಾರ, ಶುಕ್ರವಾರ ಜಿಲ್ಲಾ ಆಸ್ಪತ್ರೆಗೆ ಹೋಗಿ ರಕ್ತ ಶುದ್ಧಮಾಡಿಸಿಕೊಂಡು ಬರಬೇಕಿತ್ತು. ಒಂದು ಸರದಿ ತಪ್ಪಿದರೆ ಮೈಯೆಲ್ಲ ಊದಿ ಉಸಿರು ಕಟ್ಟುತ್ತಿತ್ತು. ಅವರನ್ನು ಕರೆದೊಯ್ದು ಕರೆತರುವ ಕೆಲಸ ಇವನದು. ಆ ಎರಡು ದಿನ ಮದುವೆಯ ಬಾಡಿಗೆ ಬಂದರೂ ಇವನು ಒಪ್ಪುತ್ತಿರಲಿಲ್ಲ.

ಒಂದು ಶನಿವಾರ ರಸ್ತೆಗೆ ಎಮ್ಮೆ ಕರು ಅಡ್ಡ ಬಂತು. ಕರುವನ್ನು ಉಳಿಸಲು ಹೋಗಿ ಕಾರನ್ನು ಮೈಲಿಗಲ್ಲಿಗೆ ಗುದ್ದಿದ. ಅವನಿಗೆ ಏನೂ ಆಗಲಿಲ್ಲ. ಕಾರಿನ ಮುಂದಿನ ತಗಡು ನುಗ್ಗಾಯಿತು, ಒಳಗೆ ಎಂಜಿನ್ನನ್ನು ತಂಪಾಗಿಡುವ ನೀರಿನ ರೇಡಿಯೇಟರ್ ಒಡೆದು ನೀರೆಲ್ಲ ರಸ್ತೆಗೆ ಚೆಲ್ಲಿತು.

ತಗಡನ್ನು ಬಡಿದು ನೇರ ಮಾಡಿದ. ರೇಡಿಯೇಟರ್ ಮಾತ್ರ ಹೊಸದೇ ಬೇಕಿತ್ತು. ಅದನ್ನು ಹುಡುಕಿಕೊಂಡು ಜಿಲ್ಲಾ ಪಟ್ಟಣದ ಬಿಡಿಭಾಗಗಳ ಅಂಗಡಿಗೆ ಹೋದ.

ಅಂಗಡಿಯವನು ಒಂದು ಡಬ್ಬಿ ತಂದಿಟ್ಟು, "ಕಂಪನಿ ಮಾಲು ಈಗ ಎಲ್ಲೂ ಸಿಗಲ್ಲ ಕಣಣ್ಣ. ಇದು ಬೇರೆಯವರು ಮಾಡಿರೋದು. ಅಳತೆ ಮಾತ್ರ ಅದೇ. ಕಣ್ಣು ಮುಚ್ಚಿಕೊಂಡು ಕೂರಿಸು" ಎಂದ.

ಇವನು ಮನೆಗೆ ತಂದು ಡಬ್ಬಿ ಬಿಚ್ಚಿದ. ಡಬ್ಬಿಯ ಮೇಲಿನ ಚಿತ್ರ ಬೇರೆ ಯಾವುದೋ ಕಾರಿನದು. ಒಳಗೆ ಬೋಲ್ಟುಗಳಿರಲಿಲ್ಲ, ವಾಷರ್‌ಗಳೂ ಇರಲಿಲ್ಲ. ಹಳೆಯ ಬೋಲ್ಟುಗಳನ್ನೇ ಸೀಮೆಎಣ್ಣೆಯಲ್ಲಿ ತೊಳೆದಿಟ್ಟುಕೊಂಡ. ಮೂಲೆಗೊಂದರಂತೆ ನಾಲ್ಕು ಬೋಲ್ಟು, ಅಷ್ಟೇ ಕೆಲಸ. ಎಡಗಡೆ ಮೇಲಿನದನ್ನು ಹಾಕಿ ಚೆನ್ನಾಗಿ ಬಿಗಿದ. ಎಡಗಡೆ ಕೆಳಗಿನದನ್ನು ಬಿಗಿದ. ಬಲಗಡೆ ಮೇಲಿನದು ಸ್ವಲ್ಪ ಸತಾಯಿಸಿತು, ಅದನ್ನೂ ಬಿಗಿದ. ನಾಲ್ಕನೆಯದು ಹೋಗಲೇ ಇಲ್ಲ. ರೇಡಿಯೇಟರಿನ ತೂತು ಒಂದು ಕಡೆ, ಕಾರಿನ ತೂತು ಒಂದು ಕಡೆ. ನಡುವೆ ಒಂದು ನೂಲಿನಷ್ಟು ವ್ಯತ್ಯಾಸ. ಆದರೆ ಬೋಲ್ಟು ನೂಲಲ್ಲ. ತಳ್ಳಿದ, ಎಳೆದ, ಮಂಡಿಯಿಂದ ಒತ್ತಿದ. ಬೆರಳಿನ ಚರ್ಮ ಕಿತ್ತು ರಕ್ತ ಬಂತು. ಬೋಲ್ಟು ಹೋಗಲಿಲ್ಲ.

ಸೋಮವಾರ ಅಂಗಡಿಯ ಬಾಗಿಲು ತೆರೆಯುವ ಹೊತ್ತಿಗೆ ಹೋಗಿ ನಿಂತ. ನಾಲ್ಕು ಜನರ ಮುಂದೆ ಅಂಗಡಿಯವನನ್ನು ಚೆನ್ನಾಗಿ ದಬಾಯಿಸಿದ. ಅಂಗಡಿಯವನು ಅದನ್ನು ಹಿಂದಕ್ಕೆ ತೆಗೆದುಕೊಂಡು, ಇನ್ನೊಬ್ಬರು ತಯಾರಿಸಿದ್ದನ್ನು ಕೊಟ್ಟ.

ಈ ಸಲ ಬಲಗಡೆಯಿಂದ ಶುರುಮಾಡಿದ. ಬಲಗಡೆಯ ಎರಡೂ ಬಿಗಿಯಾಗಿ ಕೂತವು. ಎಡಗಡೆ ಕೆಳಗಿನದೂ ಕೂತಿತು. ಎಡಗಡೆ ಮೇಲಿನದು ಹೋಗಲಿಲ್ಲ. ಹಿಂದಿನ ಸಲ ಅದೇ ಮೂಲೆ ಎಲ್ಲಕ್ಕಿಂತ ಮೊದಲು ಸಲೀಸಾಗಿ ಕೂತಿತ್ತು. ಅದು ಅವನ ಗಮನಕ್ಕೆ ಬರಲಿಲ್ಲ. ಕಂಪನಿ ಮಾಲಲ್ಲದ ಮೇಲೆ ಇನ್ನೇನಾದೀತು, ಎಲ್ಲವೂ ಕಳಪೆಯೇ ಎಂದುಕೊಂಡ.

ಸಂಜೆಯಾಗುತ್ತಿತ್ತು. ಮರುದಿನ ಮಂಗಳವಾರ. ಅವನು ಅರ ತೆಗೆದುಕೊಂಡು ತೂತನ್ನು ಉಜ್ಜಿ ದೊಡ್ಡದು ಮಾಡಿದ. ಹಾರೆಯ ತುದಿ ಕೊಟ್ಟು ರೇಡಿಯೇಟರನ್ನು ಮೀಟಿ ಹಿಡಿದು ನಾಲ್ಕನೆಯ ಬೋಲ್ಟನ್ನು ಒಳಗೆ ನುಗ್ಗಿಸಿದ. ಅದು ಕಿರುಗುಟ್ಟುತ್ತ ಹೋಯಿತು. ಸ್ಪ್ಯಾನರ್ ತಿರುಗದಷ್ಟು ಬಿಗಿದ. ನೀರು ತುಂಬಿ ಎಂಜಿನ್ ಶುರುಮಾಡಿ ನೋಡಿದ. ಒಂದು ಹನಿಯೂ ಸೋರಲಿಲ್ಲ. ಕೈ ಒರೆಸಿಕೊಂಡು, ನನ್ನ ಮುಂದೆ ಇದರ ಆಟ ನಡೆಯುತ್ತದೆಯೇ ಎಂದುಕೊಂಡು ಊಟಕ್ಕೆ ಎದ್ದ.

ಮರುದಿನ ಟೀಚರಮ್ಮನನ್ನು ಕೂರಿಸಿಕೊಂಡು ಹೊರಟ. ಅರ್ಧ ದಾರಿಯಲ್ಲಿ ಒಂದು ಏರು. ಏರಿನ ನಡುವೆ ಬಾನೆಟ್ಟಿನ ಸಂದಿಯಿಂದ ಬಿಳಿ ಹಬೆ ಎದ್ದಿತು. ಕಾರು ನಿಲ್ಲಿಸಿ ಬಾನೆಟ್ ಎತ್ತಿದ. ತಿರುಚಿಕೊಂಡು ಕೂತಿದ್ದ ರೇಡಿಯೇಟರ್ ಗಾಡಿಯ ಕುಲುಕಾಟಕ್ಕೆ ಮೂಲೆಯಲ್ಲಿ ಸೀಳಿಬಿಟ್ಟಿತ್ತು. ನೀರು ಎಷ್ಟು ಉಳಿದಿದೆ ನೋಡೋಣವೆಂದು ಅವಸರದಲ್ಲಿ ಮುಚ್ಚಳ ತಿರುಗಿಸಿದ. ಅಂಥ ತಪ್ಪನ್ನು ಅವನು ಎಂದೂ ಮಾಡಿದವನಲ್ಲ. ಕುದಿಯುವ ನೀರು ಬಲಗೈಗೆ ಹಾರಿತು.

ಟೀಚರಮ್ಮ ಇಳಿದು ಬಂದು ಅವನ ಕೈಗೆ ತಮ್ಮ ಕುಡಿಯುವ ನೀರನ್ನೆಲ್ಲ ಸುರಿದರು. ಅವನು ಕೈಯನ್ನು ನೋಡಲಿಲ್ಲ, ರಸ್ತೆಯನ್ನು ನೋಡುತ್ತಿದ್ದ. ಆಸ್ಪತ್ರೆಯಲ್ಲಿ ಅವರ ಸರದಿಯ ಹೊತ್ತು ಹತ್ತಿರವಾಗುತ್ತಿತ್ತು. ಒಂದು ಕಾರು ನಿಲ್ಲಿಸದೆ ಹೋಯಿತು. ಒಂದು ಲಾರಿ ಹೋಯಿತು. ಕೊನೆಗೆ ಹಾಲಿನ ವ್ಯಾನೊಂದು ನಿಂತಿತು. ಟೀಚರಮ್ಮ ಸೀರೆಯ ನೆರಿಗೆ ಎತ್ತಿ ಹಿಡಿದು, ಚಾಲಕನ ಪಕ್ಕದ ಎತ್ತರದ ಸೀಟಿಗೆ ಕಷ್ಟಪಟ್ಟು ಹತ್ತಿದರು. ಇವನು ತಲೆ ತಗ್ಗಿಸಿ ನಿಂತಿದ್ದ.

"ಬೇರೆ ಗಾಡಿ ಗೊತ್ತು ಮಾಡಿಕೊಳ್ಳಿ ಟೀಚರಮ್ಮ" ಎಂದ.

"ಮೊದಲು ಕೈಗೆ ಔಷಧಿ ಹಾಕಿಸ್ಕೋ. ಶುಕ್ರವಾರ ನಿನ್ನ ಗಾಡೀನೇ ಬರಬೇಕು. ನಾನು ಇನ್ನೊಬ್ಬರನ್ನ ಕರೆಯೋದಿಲ್ಲ" ಎಂದರು ಟೀಚರಮ್ಮ. ವ್ಯಾನು ಹೋಯಿತು.

ಅವರು ಸರಿಯಾದ ಹೊತ್ತಿಗೆ ಆಸ್ಪತ್ರೆ ಮುಟ್ಟಿದರು, ಬಸ್ಸಿನಲ್ಲಿ ಮನೆಗೂ ಬಂದರು. ಆದರೆ ಅವರು ಆಡಿಹೋದ ಮಾತು ಇವನ ಎದೆಯಲ್ಲಿ ಕೂತುಬಿಟ್ಟಿತು. ಬೈದಿದ್ದರೆ ಅಷ್ಟು ಭಾರವಾಗುತ್ತಿರಲಿಲ್ಲ.

ಕಾರನ್ನು ಟ್ರ್ಯಾಕ್ಟರಿಗೆ ಕಟ್ಟಿ ಮನೆಗೆ ಎಳೆಸಿ ತಂದಿದ್ದ. ಬುಧವಾರ ಅವನು ಮತ್ತೆ ಅಂಗಡಿಗೆ ಹೋದ. ಅರ ಉಜ್ಜಿ ಸೀಳಿದ ಮಾಲನ್ನು ಯಾವ ಅಂಗಡಿಯವನೂ ವಾಪಸು ತೆಗೆದುಕೊಳ್ಳುವುದಿಲ್ಲ ಎಂದು ಅವನಿಗೆ ಗೊತ್ತಿತ್ತು, ಅದನ್ನು ಕೇಳಲೂ ಇಲ್ಲ. ಹೊಸದೊಂದು ಕೊಡು ಎಂದ. ಅಂಗಡಿಯಲ್ಲಿ ಉಳಿದದ್ದು ಒಂದೇ ಒಂದು. ಅದು ಇವನೇ ಸೋಮವಾರ ಬೈದು ಹಿಂತಿರುಗಿಸಿದ್ದ ರೇಡಿಯೇಟರ್. ಬೇರೆ ದಾರಿಯಿರಲಿಲ್ಲ. ಅದನ್ನೇ ಕಂಕುಳಲ್ಲಿ ಇರುಕಿಕೊಂಡು ಬಂದ.

ಬಲಗೈಗೆ ಪಟ್ಟಿ ಕಟ್ಟಿತ್ತು. ಬೆರಳು ಮಡಚಲು ಬರುತ್ತಿರಲಿಲ್ಲ. ಎಂದೂ ಬಾನೆಟ್ಟಿನ ಹತ್ತಿರ ಯಾರನ್ನೂ ಕರೆಯದವನು ಅಂದು ಹೆಂಡತಿಯನ್ನು ಕರೆದ. ಅವಳು ಕೈ ತೊಳೆದುಕೊಂಡು ಬಂದಳು. ಇವನು ಕಾರಿನ ಮುಂದೆ ಕುಕ್ಕರಗಾಲಲ್ಲಿ ಕೂತು, ಎಡಗೈಯಿಂದಲೂ ಭುಜದಿಂದಲೂ ರೇಡಿಯೇಟರನ್ನು ಎತ್ತಿ ಹಿಡಿದ. ಅವಳು ಬೋಲ್ಟುಗಳನ್ನು ಒಂದೊಂದಾಗಿ ಬೆರಳಿನಿಂದ ತಿರುಗಿಸುತ್ತ ಹೋದಳು.

"ಬಿಗಿ, ಇನ್ನೂ ಬಿಗಿ" ಎಂದು ಇವನು ಕೆಳಗಿನಿಂದ ಹೇಳುತ್ತಿದ್ದ.

"ನನ್ನ ಬೆರಳಲ್ಲಿ ಇಷ್ಟೇ ರೀ ಆಗೋದು. ಆಮೇಲೆ ನೀವೇ ಬಿಗ್ಕೊಳ್ಳಿ" ಎಂದಳು ಅವಳು.

ಸ್ವಲ್ಪ ಹೊತ್ತಿಗೆ ಅವಳು ಸೆರಗಿಗೆ ಕೈ ಒರೆಸಿಕೊಂಡು, "ಆಯ್ತು, ಬಿಡಿ" ಎಂದಳು.

"ನಾಲ್ಕನೆಯದು ಹೋಗಲ್ಲ. ಅದಕ್ಕೆ ಹಾರೆ ಬೇಕು, ತಾ" ಎಂದ ಅವನು.

"ಅಯ್ಯೋ, ನಾಲ್ಕೂ ಹಾಕಿದೀನಲ್ಲ."

ಅವನಿಗೆ ನಂಬಿಕೆ ಬರಲಿಲ್ಲ. ಎದ್ದು ಬಗ್ಗಿ ನೋಡಿದ. ನಾಲ್ಕು ಮೂಲೆಯಲ್ಲೂ ನಾಲ್ಕು ಬೋಲ್ಟುಗಳಿದ್ದವು. ನಾಲ್ಕೂ ಸಡಿಲವಾಗಿದ್ದವು. ರೇಡಿಯೇಟರನ್ನು ಅಲುಗಾಡಿಸಿದರೆ ಅದು ತೊಟ್ಟಿಲಿನ ಹಾಗೆ ಆಡುತ್ತಿತ್ತು.

"ಹೇಗೆ ಹೋಯ್ತೇ ಅದು?"

"ಮೊದಲು ಹೋಗ್ಲಿಲ್ಲ. ಒಂಚೂರು ಅಲ್ಲಾಡಿಸಿದೆ, ಹೋಯ್ತು" ಎಂದು ಹೇಳಿ ಅವಳು ಒಲೆಯ ಮೇಲಿಟ್ಟು ಬಂದ ಸಾರು ನೋಡಲು ಒಳಗೆ ಹೋದಳು.

ಅವನು ಅಲ್ಲಿಯೇ ನಿಂತ. ಆ ನಾಲ್ಕು ಬೋಲ್ಟುಗಳನ್ನು ಒಂದೊಂದಾಗಿ ಮುಟ್ಟಿ ನೋಡಿದ. ಎರಡು ಸಲವೂ ತಾನು ಮಾಡಿದ್ದೇನೆಂದು ಆಗ ಅವನಿಗೆ ಕಂಡಿತು. ಮೊದಲ ಬೋಲ್ಟನ್ನು ಅಲುಗಾಡದ ಹಾಗೆ ಬಿಗಿದುಬಿಟ್ಟಿದ್ದ. ಅಲ್ಲಿಗೆ ಉಳಿದ ಮೂಲೆಗಳು ತಮ್ಮ ಜಾಗ ಹುಡುಕಿಕೊಳ್ಳುವ ದಾರಿಯೇ ಮುಚ್ಚಿಹೋಗಿತ್ತು. ಎಡದಿಂದ ಬಿಗಿದಾಗ ಬಲಮೂಲೆ ಹಟ ಮಾಡಿತು. ಬಲದಿಂದ ಬಿಗಿದಾಗ ಎಡಮೂಲೆ ಹಟ ಮಾಡಿತು. ಹೊಸ ಮಾಲು ಹಳೆಯದರ ಪಡಿಯಚ್ಚಾಗಿರಲಿಲ್ಲ, ನಿಜ. ಮೈಲಿಗಲ್ಲಿಗೆ ಗುದ್ದಿಸಿಕೊಂಡ ಕಾರು ಕೂಡ ಮೊದಲಿನಷ್ಟು ನೆಟ್ಟಗಿರಲಿಲ್ಲ. ಒಂದಿಷ್ಟು ಸಡಿಲ ಸಿಕ್ಕಿದರೆ ಎರಡೂ ಕೂಡಿಕೊಳ್ಳುತ್ತಿದ್ದವು.

ಎಡಗೈಗೆ ಸ್ಪ್ಯಾನರ್ ತೆಗೆದುಕೊಂಡ. ಒಂದು ಮೂಲೆಯನ್ನು ಸ್ವಲ್ಪ ಬಿಗಿದ, ಎದುರು ಮೂಲೆಯನ್ನು ಸ್ವಲ್ಪ ಬಿಗಿದ. ಮತ್ತೆ ಮೊದಲಿನದಕ್ಕೆ ಬಂದ. ಹೀಗೆ ನಾಲ್ಕನ್ನೂ ಸುತ್ತುತ್ತ, ಎಲ್ಲವನ್ನೂ ಒಟ್ಟಿಗೇ ಬಿಗಿಗೆ ತಂದ. ಎಲ್ಲೂ ಕಿರುಗುಟ್ಟಲಿಲ್ಲ. ನೀರು ತುಂಬಿಸಿ, ಗುರುವಾರ ಖಾಲಿ ಕಾರನ್ನು ಅದೇ ಏರಿಗೆ ಓಡಿಸಿದ. ಎರಡು ಸಲ ಹತ್ತಿಸಿ ಇಳಿಸಿದ. ಬಾನೆಟ್ ಎತ್ತಿ ರೇಡಿಯೇಟರಿನ ಅಡಿಗೆ ಬೆರಳಾಡಿಸಿದ. ಬೆರಳು ಒಣಗಿಯೇ ಇತ್ತು.

ಶುಕ್ರವಾರ ಟೀಚರಮ್ಮನ ಮನೆಯ ಮುಂದೆ ಹಾರ್ನ್ ಆಯಿತು. ಅವರು ಚೀಲ ಹಿಡಿದು ಆಗಲೇ ಜಗಲಿಯ ಮೇಲೆ ಕೂತಿದ್ದರು. ಏನೂ ಕೇಳದೆ ಎದ್ದು ಬಂದು ಯಾವಾಗಲೂ ಕೂರುವ ಮುಂದಿನ ಸೀಟಿನಲ್ಲಿ ಕೂತರು. ಏರು ಬಂತು. ಇವನ ಕಣ್ಣು ಬಿಸಿ ತೋರಿಸುವ ಮುಳ್ಳಿನ ಮೇಲಿತ್ತು. ಟೀಚರಮ್ಮನ ಕಣ್ಣು ಹೊರಗೆ ಹೊಲಗಳ ಮೇಲಿತ್ತು. ಏರು ಮುಗಿಯಿತು.

ಅವರನ್ನು ಆಸ್ಪತ್ರೆಯಲ್ಲಿ ಬಿಟ್ಟು ಅವನು ಬಿಡಿಭಾಗದ ಅಂಗಡಿಗೆ ನಡೆದ. ಅಂಗಡಿಯವನು ಇವನನ್ನು ಕಂಡು ಮತ್ತೇನು ಗ್ರಹಚಾರವೋ ಎಂದು ಎದ್ದು ನಿಂತ. ಅಂದು ದಬಾಯಿಸಿದ ಹಾಗೆಯೇ, ಎಲ್ಲರಿಗೂ ಕೇಳುವಂತೆ, "ನಿನ್ನ ಮಾಲು ಸರಿಯಾಗಿಯೇ ಇತ್ತು" ಎಂದು ಹೇಳಿ ಇವನು ಹಿಂತಿರುಗಿದ. ಟೀಚರಮ್ಮ ಬದುಕಿದ್ದಷ್ಟು ಕಾಲವೂ ಅದೇ ರೇಡಿಯೇಟರ್ ಅವರನ್ನು ಆಸ್ಪತ್ರೆಗೆ ಮುಟ್ಟಿಸಿ ಮನೆಗೆ ತಂದಿತು.

ಕತೆ ಮುಗಿಯಿತು. ಮರುಳಸಿದ್ಧ ತಲೆದೂಗಿದ.

"ತಿಳಿಯಿತು ಬುದ್ಧಿ" ಎಂದ. "ಕೊಂಡು ತಂದ ಮಾಲಿನದು ತಪ್ಪಲ್ಲ, ಕಾರಿನದೂ ತಪ್ಪಲ್ಲ. ಆ ಮನುಷ್ಯನಿಗೆ ತಾಳ್ಮೆ ಇರಲಿಲ್ಲ. ನನಗೆ ತಾಳ್ಮೆಗೇನೂ ಕೊರತೆಯಿಲ್ಲ. ಅವರು ಹೊಂದಿಕೊಳ್ಳಲಿ ಎಂದು ಇಷ್ಟು ತಿಂಗಳು ಕಾದಿದ್ದೇನೆ."

ಗುರುಗಳು ಕೇಳಿದರು: "ಹೋದ ಮೊದಲ ದಿನವೇ ಅವರಿಗೆಲ್ಲ ನೀನು ಏನೇನು ಅಪ್ಪಣೆ ಕೊಟ್ಟೆ?"

ಮರುಳಸಿದ್ಧ ಬೆರಳು ಮಡಚಿ ಎಣಿಸತೊಡಗಿದ. ನಾಲ್ಕನೆಯ ಬೆರಳಿಗೆ ಬಂದಾಗ, "ಮೊದಲ ಬೋಲ್ಟನ್ನು ನಾನೇ ಬಿಗಿದುಬಿಟ್ಟಿದ್ದೆ ಬುದ್ಧಿ" ಎಂದ.