ಹನ್ನೆರಡನೆಯ ಮೆಟ್ಟು

ಒಬ್ಬ ಶಿಷ್ಯ ಗುರುಗಳನ್ನು ಕೇಳಿದ: "ಸ್ವಾಮಿ, ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅದರಲ್ಲಿ ಒಂದಕ್ಷರ ಸುಳ್ಳಿಲ್ಲ. ಆದರೂ ನಾಲ್ಕು ದಿನದಿಂದ ಅನ್ನ ಗಂಟಲಲ್ಲಿ ಇಳಿಯುತ್ತಿಲ್ಲ. ನಿಜ ಹೇಳಿದವನಿಗೂ ಪಾಪ ತಟ್ಟುತ್ತದೆಯೇ?"

ಯಾರಿಗೆ ಹೇಳಿದೆ, ಏನು ಹೇಳಿದೆ ಎಂದು ಗುರುಗಳು ವಿಚಾರಿಸಲಿಲ್ಲ. ಕುಳಿತುಕೋ ಎಂದು ಸನ್ನೆ ಮಾಡಿ ಈ ಕತೆ ಹೇಳಿದರು.

ಒಂದು ಕಾರ್ಖಾನೆಯ ಊರಿನಲ್ಲಿ ತಿಪ್ಪೇಶ ಎಂಬ ವಾದ್ಯಗಾರನಿದ್ದ. ಮದುವೆಗಳಲ್ಲಿ, ಗಣಪತಿ ಪೆಂಡಾಲುಗಳಲ್ಲಿ ಹಾಡುವ ಆರ್ಕೆಸ್ಟ್ರಾ ಒಂದಕ್ಕೆ ಬೇಸ್ ಗಿಟಾರು ನುಡಿಸುತ್ತಿದ್ದ. ಬೇಸ್ ಗಿಟಾರಿಗೆ ನಾಲ್ಕೇ ತಂತಿ, ಹುರಿಯಂಥ ದಪ್ಪ ತಂತಿ. ಅದರ ದನಿ ಕಿವಿಗಿಂತ ಹೆಚ್ಚಾಗಿ ಎದೆಗೆ ಕೇಳುತ್ತದೆ. ಅದು ನುಡಿಯುತ್ತಿರುವಾಗ ಯಾರೂ ಅದನ್ನು ಗಮನಿಸುವುದಿಲ್ಲ. ನಿಂತುಹೋದರೆ ಮಾತ್ರ ಹಾಡಿನ ಕಾಲ ಕೆಳಗಿನ ನೆಲ ಜಾರಿದಂತಾಗುತ್ತದೆ.

ನುಡಿಸುವುದರಲ್ಲಿ ತಿಪ್ಪೇಶ ಹತ್ತರಲ್ಲಿ ಹನ್ನೊಂದನೆಯವನು. ಆದರೆ ಅವನ ಕಿವಿಗೆ ಸಮನಾದ ಕಿವಿ ಸುತ್ತಲಿನ ನಾಲ್ಕು ಜಿಲ್ಲೆಗಳಲ್ಲಿ ಇರಲಿಲ್ಲ. ಆರ್ಕೆಸ್ಟ್ರಾದವರಿಗೆ ಹೊಸ ವಾದ್ಯ ಕೊಳ್ಳುವ ಶಕ್ತಿ ಎಲ್ಲಿಂದ ಬರಬೇಕು? ಕೊಳ್ಳುವುದೆಲ್ಲ ಸೆಕೆಂಡ್ ಹ್ಯಾಂಡೇ. ಹಾಗೆ ಕೊಳ್ಳುವವರೆಲ್ಲ ತಿಪ್ಪೇಶನನ್ನು ಜೊತೆಗೆ ಕರೆದುಕೊಂಡು ಹೋಗುತ್ತಿದ್ದರು. ಅವನು ಗಿಟಾರಿನ ಕತ್ತನ್ನು ಕಣ್ಣಿನ ಮಟ್ಟಕ್ಕೆ ಹಿಡಿದು, ಬಡಗಿ ರೀಪಿನ ಓರೆ ನೋಡುವಂತೆ ನೋಡುತ್ತಿದ್ದ. ಕತ್ತಿನ ಮೇಲೆ ಅಡ್ಡಕ್ಕೆ ಕೂರಿಸಿದ ಒಂದೊಂದು ಮೆಟ್ಟನ್ನೂ ಒತ್ತಿ ಕೇಳುತ್ತಿದ್ದ. ಗುಂಡಿ ತಿರುಗಿಸಿ, ಒಳಗೆ ಬೆಸುಗೆ ಬಿಟ್ಟಿದೆ ಎನ್ನುತ್ತಿದ್ದ. ಬಿಚ್ಚಿ ನೋಡಿದರೆ ಬಿಟ್ಟೇ ಇರುತ್ತಿತ್ತು. ಇದಕ್ಕಾಗಿ ಯಾರಿಂದಲೂ ಕಾಸು ಮುಟ್ಟುತ್ತಿರಲಿಲ್ಲ. ಕರೆದರೆ ಸಾಕು, ಉಣ್ಣುತ್ತಿದ್ದ ತಟ್ಟೆ ಬಿಟ್ಟು ಎದ್ದು ಹೋಗುತ್ತಿದ್ದ.

ಅವನ ಗೆಳೆಯ ಇಮ್ತಿಯಾಜ್ ಇನ್ನೊಂದು ಆರ್ಕೆಸ್ಟ್ರಾದಲ್ಲಿ ಬೇಸ್ ನುಡಿಸುತ್ತಿದ್ದ. ಒಮ್ಮೆ ಅವನ ಗಿಟಾರು ವ್ಯಾನಿನ ಮೇಲಿಂದ ಬಿದ್ದು ಕತ್ತು ಮುರಿಯಿತು. ಮದುವೆಯ ತಿಂಗಳುಗಳು ಎದುರಿಗಿದ್ದವು. ಇಬ್ಬರೂ ಸೇರಿ ಗಿಟಾರು ಹುಡುಕಲು ಹೊರಟರು. ಮೊದಲು ನೋಡಿದ್ದು ಹೊಳಪು ಹೊಳಪಾಗಿತ್ತು, ದನಿ ಮಾತ್ರ ತಗಡು ಬಡಿದಂತಿತ್ತು. ಎರಡನೆಯದರ ದನಿ ಗುಂಡಾಗಿತ್ತು. ಆದರೆ ಮೂರು ಗಂಟೆ ಹೆಗಲಿಗೆ ಹಾಕಿಕೊಂಡು ನಿಂತರೆ ಸೊಂಟ ಬೀಳುವಷ್ಟು ಭಾರ. ಮೂರನೆಯದು ಎಬಿನೇಜರ್ ಮಾಸ್ಟರದು.

ಎಬಿನೇಜರ್ ಮಾಸ್ಟರು ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದು ನಿವೃತ್ತರಾದವರು. ಆ ಊರಿನ ಮೊದಲ ಆರ್ಕೆಸ್ಟ್ರಾಕ್ಕೆ ಬೇಸ್ ನುಡಿಸಿದವರು ಅವರೇ. ಭಾನುವಾರ ಚರ್ಚಿನಲ್ಲೂ ಅವರದೇ ಬೇಸ್. ಒಟ್ಟು ಮೂವತ್ತೆರಡು ವರ್ಷ, ಒಂದೇ ಗಿಟಾರು. ಈಗ ಬೆರಳಿನ ಗೆಣ್ಣುಗಳು ಊದಿ ತಂತಿ ಒತ್ತಲು ಆಗುತ್ತಿರಲಿಲ್ಲ. ನುಡಿಸುವ ಕೈಗೆ ಸೇರಲಿ ಎಂದು ಕೊಡಲು ಒಪ್ಪಿದ್ದರು. ಅವರು ಹೇಳಿದ ಬೆಲೆ ಮೂರರಲ್ಲಿ ಎಲ್ಲಕ್ಕಿಂತ ಕಡಿಮೆ. ಹಳೆಯ ಆಂಪ್ಲಿಫೈಯರ್ ಪೆಟ್ಟಿಗೆಯನ್ನೂ ಜೊತೆಗೆ ಹಾಗೆಯೇ ಒಯ್ಯಿರಿ ಎಂದಿದ್ದರು.

ಇವರು ಹೋದಾಗ ಎಬಿನೇಜರ್ ಗಿಟಾರನ್ನು ಒರೆಸಿ ಮಂಚದ ಮೇಲೆ ಮಲಗಿಸಿದ್ದರು. ಅವರ ಹೆಂಡತಿ ಮಾರ್ಥಮ್ಮ ಚಹಾ ತಂದಿಟ್ಟರು. ಇಮ್ತಿಯಾಜ್ ಗಿಟಾರನ್ನು ಹೆಗಲಿಗೆ ಹಾಕಿಕೊಂಡು ಎರಡು ಹಾಡಿನ ನಡೆ ನುಡಿಸಿದ. ಪೆಟ್ಟಿಗೆ ಗುಂ ಎಂದಿತು. ಚಹಾದ ಲೋಟ ತಟ್ಟೆಯಲ್ಲಿ ಅದುರಿತು.

"ಇದೇ ಇರಲಿ ಅಣ್ಣ" ಎಂದ ಇಮ್ತಿಯಾಜ್.

"ತಡಿ" ಎಂದ ತಿಪ್ಪೇಶ.

ಗಿಟಾರನ್ನು ತೊಡೆಯ ಮೇಲಿಟ್ಟುಕೊಂಡ. ಕತ್ತು ನೇರವಾಗಿತ್ತು. ಮೆಟ್ಟುಗಳು ಸವೆದಿದ್ದವು, ಆದರೆ ಸಮವಾಗಿ ಸವೆದಿದ್ದವು. ಗುಂಡಿಗಳಲ್ಲಿ ಕರಕರ ಸದ್ದಿರಲಿಲ್ಲ. ಕೊನೆಗೆ ಖಾಲಿ ತಂತಿಯನ್ನು ಮೀಟಿ, ಅದೇ ತಂತಿಯನ್ನು ಹನ್ನೆರಡನೆಯ ಮೆಟ್ಟಿನಲ್ಲಿ ಒತ್ತಿ ಮೀಟಿದ. ಎರಡೂ ಒಂದೇ ಸ್ವರವಾಗಬೇಕು, ಒಂದು ಕೆಳಗಿನ ಸ್ಥಾಯಿಯದು, ಒಂದು ಮೇಲಿನದು. ಆಗಲಿಲ್ಲ. ಮೇಲಿನದು ಕೂದಲೆಳೆಯಷ್ಟು ಏರಿತ್ತು. ನಾಲ್ಕು ತಂತಿಗಳಲ್ಲೂ ಏರಿತ್ತು.

ವೀಣೆಗೆ ಇರುವಂತೆ ಬೇಸ್ ಗಿಟಾರಿಗೂ ತಂತಿಗಳನ್ನು ಹೊರುವ ಕುದುರೆ ಇರುತ್ತದೆ. ತಿಪ್ಪೇಶ ಅಳತೆ ಪಟ್ಟಿ ತೆಗೆದು ಅಳೆದ. ಗಿಟಾರು ಮಾಡಿದವನು ಕುದುರೆಯನ್ನೇ ತಪ್ಪು ಜಾಗದಲ್ಲಿ ಕೂರಿಸಿದ್ದ. ಒಂದು ಅಕ್ಕಿಕಾಳಿನ ಉದ್ದದಷ್ಟು ಮುಂದಕ್ಕೆ. ತಿರುಪು ತಿರುಗಿಸಿ ಸರಿಪಡಿಸುವ ಮಿತಿಯನ್ನು ಅದು ದಾಟಿತ್ತು. ಇಂಥ ದೋಷ ಉಂಟೆಂದು ತಿಪ್ಪೇಶ ಕೇಳಿದ್ದ. ಕಂಡದ್ದು ಇದೇ ಮೊದಲು.

ಜೇಬಿನಿಂದ ಶ್ರುತಿ ನೋಡುವ ಪುಟ್ಟ ಯಂತ್ರ ತೆಗೆದು ಗಿಟಾರಿನ ತಲೆಗೆ ಸಿಕ್ಕಿಸಿದ. "ಬನ್ನಿ ಮಾಸ್ಟ್ರೇ, ಇಲ್ಲಿ ಕೂತ್ಕೊಳ್ಳಿ" ಎಂದು ಎಬಿನೇಜರರನ್ನು ಪಕ್ಕದಲ್ಲೇ ಕೂರಿಸಿಕೊಂಡ. ಖಾಲಿ ತಂತಿ ಮೀಟಿದಾಗ ಯಂತ್ರದಲ್ಲಿ ಹಸಿರು ದೀಪ ಹತ್ತಿತು. ಬೆರಳು ಮೇಲೆ ಮೇಲೆ ಹೋದಂತೆ ದೀಪ ಕೆಂಪಾಯಿತು.

"ನೋಡಿದ್ರಾ? ಕೆಳಗೆ ಸರಿಯಾಗಿದೆ. ಮೇಲಕ್ಕೆ ಹೋದ ಹಾಗೆ ಶ್ರುತಿ ಏರ್ತಾ ಹೋಗುತ್ತೆ."

"ಚಳಿಗೆ ಹಾಗಾಗಿರಬೇಕು" ಎಂದರು ಎಬಿನೇಜರ್. "ನಾಲ್ಕು ತಿಂಗಳಿಂದ ನಾನು ಅದನ್ನ ಮುಟ್ಟೇ ಇಲ್ಲ."

"ಚಳಿಗಲ್ಲ ಮಾಸ್ಟ್ರೇ. ಇದು ಹುಟ್ಟಿದಾಗಿಂದ ಹೀಗೇ ಇದೆ. ಮೇಲಿನ ಮೆಟ್ಟುಗಳಲ್ಲಿ ಈ ಗಿಟಾರು ಒಂದು ದಿನಾನೂ ಶ್ರುತಿಯಲ್ಲಿ ಇರಲಿಲ್ಲ. ಮೂವತ್ತೆರಡು ವರ್ಷ ನುಡಿಸಿದ್ರಿ, ನಿಮಗೆ ಗೊತ್ತೇ ಆಗ್ಲಿಲ್ವಲ್ಲ!"

ಎಬಿನೇಜರ್ ಆ ದೀಪವನ್ನೇ ನೋಡುತ್ತಾ ಕುಳಿತರು. ಇನ್ನೊಮ್ಮೆ ಮೀಟು ಎಂದರು. ತಿಪ್ಪೇಶ ಮೀಟಿದ. ಇನ್ನೊಮ್ಮೆ ಎಂದರು. ಬಾಗಿಲಲ್ಲಿ ನಿಂತಿದ್ದ ಮಾರ್ಥಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡರು. ಎಬಿನೇಜರ್ ಹೆಂಡತಿಯ ಕಡೆ ತಿರುಗಿದರು.

"ಹಾಗಾದ್ರೆ ಜಯಶೀಲ ಸರಿಯಾಗೇ ಹಾಡ್ತಿದ್ದ" ಎಂದರು.

ಜಯಶೀಲ ಯಾರೆಂದು ತಿಪ್ಪೇಶ ಕೇಳಲಿಲ್ಲ. ಇಮ್ತಿಯಾಜ್ ಮಾತ್ರ, "ನಮ್ಮ ಹಾಡುಗಳಲ್ಲಿ ಅಷ್ಟು ಮೇಲಕ್ಕೆ ಯಾರು ಹೋಗ್ತಾರೆ? ನನಗೆ ಇದು ಸಾಕು ಮಾಸ್ಟ್ರೇ, ಕೊಡಿ" ಎಂದು ಎರಡು ಸಲ ಕೇಳಿದ. ಎಬಿನೇಜರ್ ಗಿಟಾರನ್ನು ಚೀಲಕ್ಕೆ ಹಾಕಿ ಜಿಪ್ಪು ಎಳೆದರು. ಊದಿದ ಬೆರಳಿಗೆ ಜಿಪ್ಪು ಸುಲಭಕ್ಕೆ ಸಿಗಲಿಲ್ಲ. "ಬೇಡಪ್ಪ. ಇದು ಇನ್ನೊಬ್ಬರ ಕೈಗೆ ಹೋಗೋದು ಬೇಡ" ಎಂದರು.

ಇಮ್ತಿಯಾಜ್ ಭಾರದ ಗಿಟಾರನ್ನೇ ಕೊಂಡ. ಆ ವರ್ಷದ ಮದುವೆಗಳನ್ನೆಲ್ಲ ಸೊಂಟಕ್ಕೆ ಪಟ್ಟಿ ಕಟ್ಟಿಕೊಂಡು ನುಡಿಸಿದ.

ತಿಪ್ಪೇಶ ಆ ದಿನದ ಸಂಗತಿಯನ್ನು ಹೋದಲ್ಲೆಲ್ಲ ಹೇಳಿದ. ವ್ಯಾನಿನಲ್ಲಿ ಹೇಳಿದ, ವೇದಿಕೆಯ ಹಿಂದೆ ಹೇಳಿದ, ಊಟದ ಪಂಕ್ತಿಯಲ್ಲಿ ಹೇಳಿದ. ಮುದುಕರು ದೀಪ ನೋಡುತ್ತಾ ಕುಳಿತ ಬಗೆಯನ್ನು ಮಾಡಿ ತೋರಿಸುತ್ತಿದ್ದ. ಜನ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಮಾತು ಊರೆಲ್ಲ ಸುತ್ತಿತು. ಎಬಿನೇಜರ್ ಮಾಸ್ಟರು ಚರ್ಚಿಗೆ ಹೋಗುವುದನ್ನೂ ಬಿಟ್ಟರಂತೆ ಎಂದು ಯಾರೋ ಹೇಳಿದರು. ವಯಸ್ಸಾಯಿತಲ್ಲ ಎಂದುಕೊಂಡ ತಿಪ್ಪೇಶ.

ಒಂದು ವರ್ಷ ಕಳೆಯಿತು. ಮೈಕು ಬಾಡಿಗೆಗೆ ಕೊಡುತ್ತಿದ್ದ ಒಬ್ಬಾತ ಅಂಗಡಿ ಮುಚ್ಚುವಾಗ ಹಳೆಯ ಕ್ಯಾಸೆಟ್ಟುಗಳನ್ನು ತಿಪ್ಪೇಶನಿಗೆ ಕೊಟ್ಟ. ಅದರಲ್ಲಿ ಒಂದು ಎಬಿನೇಜರ್ ನುಡಿಸುತ್ತಿದ್ದ ಆರ್ಕೆಸ್ಟ್ರಾದ್ದು. ತಿಪ್ಪೇಶ ಮನೆಯವರನ್ನೆಲ್ಲ ಕರೆದು ಕೂರಿಸಿದ. "ಆ ಅಪಶ್ರುತಿ ಹೇಗಿತ್ತು ಅಂತ ಕೇಳಿಸ್ತೀನಿ ಬನ್ನಿ" ಎಂದು ಕ್ಯಾಸೆಟ್ಟು ಹಾಕಿದ.

ಹಾಡು ಶುರುವಾಯಿತು. ಹಾಡುತ್ತಿದ್ದವನು ಇನ್ನೂ ಎಳೆಯ ವಯಸ್ಸಿನವನು. ಅಂಥ ದನಿಯನ್ನು ತಿಪ್ಪೇಶ ತನ್ನ ಊರಿನಲ್ಲಿ ಯಾವತ್ತೂ ಕೇಳಿರಲಿಲ್ಲ. ಪಲ್ಲವಿ ಮುಗಿದು ಚರಣ ಮೇಲೇರಿತು. ಬೇಸ್ ಕೂಡ ಅದರ ಜೊತೆ ಏರಿತು. ಅಲ್ಲಿ ಎರಡೂ ಸ್ವರ ಕೂಡದೆ ಒಂದಕ್ಕೊಂದು ತಾಗಿದವು. "ಕೇಳಿಸ್ತಾ?" ಎಂದ. ಮನೆಯವರಿಗೆ ಏನೂ ತಿಳಿಯಲಿಲ್ಲ. ಒಬ್ಬೊಬ್ಬರಾಗಿ ಎದ್ದು ಹೋದರು.

ತಿಪ್ಪೇಶ ಕ್ಯಾಸೆಟ್ಟನ್ನು ಹಿಂದಕ್ಕೆ ತಿರುಗಿಸಿ ಮತ್ತೆ ಕೇಳಿದ. ಈ ಸಲ ಅವನ ಕಿವಿ ಬೇಸನ್ನು ಬಿಟ್ಟು ಹಾಡುವವನ ಮೇಲೆ ನಿಂತಿತು. ಮೊದಲನೆಯ ಚರಣದಲ್ಲಿ ದನಿ ತನ್ನ ಜಾಗದಲ್ಲಿ ಸರಿಯಾಗಿ ನಿಂತಿತ್ತು. ಎರಡನೆಯ ಚರಣದಲ್ಲಿ ಅಳುಕಿತು. ಬೇಸಿಗೆ ಹೊಂದಿಕೊಳ್ಳಲೆಂದು ಕೊಂಚ ಏರಿತು. ಏರಿದರೆ ಕೀಬೋರ್ಡಿಗೆ ತಪ್ಪಿತು. ಗಾಬರಿಯಾಗಿ ಇಳಿಯಿತು, ಇಳಿದಲ್ಲೂ ನಿಲ್ಲಲಿಲ್ಲ. ಮೂರನೆಯ ಚರಣದಲ್ಲಿ ಆ ಏರುವ ಸಾಲು ಬಂದಾಗ ಹಾಡುವವನು ಹಾಡಲೇ ಇಲ್ಲ. ಬೇಸ್ ಒಂದೇ ಧೈರ್ಯವಾಗಿ ನುಡಿಯುತ್ತಾ ಹೋಯಿತು. ಹಾಡು ಮುಗಿದು, ಚಪ್ಪಾಳೆ ಬೀಳುವ ಮೊದಲು, ಮೈಕಿನ ಹತ್ತಿರ ಒಂದು ಗಂಡಸಿನ ದನಿ ಕೇಳಿಸಿತು: "ಕಿವಿ ಎಲ್ಲಿಟ್ಟಿದ್ದೀಯೋ ಜಯಶೀಲ?"

ಅದು ಎಬಿನೇಜರ್ ದನಿ.

ತಿಪ್ಪೇಶ ಕ್ಯಾಸೆಟ್ಟನ್ನು ಜೇಬಿಗೆ ಹಾಕಿಕೊಂಡು ಆಗಲೇ ಎಬಿನೇಜರ್ ಮನೆಗೆ ಹೋದ. ಮಾರ್ಥಮ್ಮ ಅವನನ್ನು ಹೊಸ್ತಿಲ ಹೊರಗೇ ನಿಲ್ಲಿಸಿ ಮಾತಾಡಿದರು.

"ಜಯಶೀಲ ಇವರ ತಮ್ಮ" ಎಂದರು. "ಅಪ್ಪ ಇಲ್ಲದ ಮಗು, ಇವರೇ ಎತ್ತಿ ಆಡಿಸಿ ಬೆಳೆಸಿದ್ರು. ಇವರು ಹೇಳಿದ್ದೇ ಅವನಿಗೆ ಮಾತು. ನಿನಗೆ ಶ್ರುತಿ ನಿಲ್ಲೋದಿಲ್ಲ, ನನ್ನ ಮಾನ ಕಳೀಬೇಡ ಅಂತ ಎಲ್ಲರ ಎದುರಿಗೆ ಅಂದ್ಬಿಟ್ರು. ಇವರಿಗೂ ಹಾಗೇ ಕೇಳಿಸ್ತಿತ್ತು, ಏನು ಮಾಡೋದು? ಅವನು ಅವತ್ತೇ ಹಾಡೋದು ಬಿಟ್ಟ. ಚರ್ಚಿನಲ್ಲಿ ಎಲ್ಲರೂ ಕೀರ್ತನೆ ಹಾಡೋವಾಗ ತುಟಿ ಆಡಿಸ್ತಿದ್ದ, ದನಿ ಬಿಡ್ತಿರಲಿಲ್ಲ. ಇಪ್ಪತ್ತಾರು ವರ್ಷ ಹಾಗೇ ಇದ್ದ. ಹಾಗೇ ಹೋದ."

ಆಮೇಲೆ ಪಕ್ಕಕ್ಕೆ ಸರಿದು ದಾರಿ ಬಿಟ್ಟರು. ಒಳಗೆ ಎಬಿನೇಜರ್ ಗೋಡೆಗೆ ಒರಗಿ ಕುಳಿತಿದ್ದರು. ತಿಪ್ಪೇಶ ಅವರ ಮುಂದೆ ನೆಲದ ಮೇಲೆ ಕುಳಿತ. ತನಗೆ ಗೊತ್ತಿದ್ದದ್ದನ್ನೇ ಹೇಳಿದ: "ಮಾಸ್ಟ್ರೇ, ಆ ಕುದುರೆಯನ್ನ ಕಿತ್ತು ಸ್ವಲ್ಪ ಹಿಂದಕ್ಕೆ ಕೂರಿಸಿದ್ರೆ ಎಲ್ಲ ಸರಿಹೋಗುತ್ತೆ. ಅರ್ಧ ದಿನದ ಕೆಲಸ. ನಾನೇ ಮಾಡಿಕೊಡ್ತೀನಿ."

"ಹೀಗೆ ಸರಿಮಾಡಬಹುದು ಅಂತ ಅವತ್ತೇ ನಿನಗೆ ಗೊತ್ತಿತ್ತೇನಪ್ಪ?" ಎಂದು ಕೇಳಿದರು ಎಬಿನೇಜರ್.

ಗೊತ್ತಿತ್ತು. ತಿಪ್ಪೇಶ ತಲೆ ತಗ್ಗಿಸಿದ.

"ಸರಿಮಾಡಿ ಯಾರ ಜೊತೆ ನುಡಿಸಲಿ?" ಎಂದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ತಿಪ್ಪೇಶ ಅದನ್ನು ಹೊತ್ತುಕೊಂಡು ಹೋಗುತ್ತಿದ್ದ.

ಕ್ಯಾಸೆಟ್ಟು ಜೇಬಿನಲ್ಲೇ ಇತ್ತು. ಕೊಟ್ಟರೆ ಅಣ್ಣನಿಗೆ ತಮ್ಮನ ದನಿ ಸಿಗುತ್ತದೆ. ಅದರ ಹಿಂದೆಯೇ ಅಣ್ಣ ಅವತ್ತು ತಮ್ಮನಿಗೆ ಅಂದ ಮಾತೂ ಸಿಗುತ್ತದೆ. ಕೊಡದಿದ್ದರೆ ಎರಡೂ ಇಲ್ಲ. ಮೂರು ವಾದ್ಯಗಳನ್ನು ತೂಗಿ ನೋಡಿ ಇದೇ ಸರಿ ಎಂದು ಕ್ಷಣದಲ್ಲಿ ಹೇಳಬಲ್ಲವನಿಗೆ ಇವೆರಡರಲ್ಲಿ ಯಾವುದು ಸರಿ ಎಂದು ತಿಳಿಯಲಿಲ್ಲ. ಕೊಡದೆ ಎದ್ದು ಬಂದ. ನಾಳೆ ಕೊಡೋಣ, ಬರುವ ವಾರ ಕೊಡೋಣ ಎಂದು ದಿನ ತಳ್ಳಿದ. ಈಸ್ಟರ್ ಹಬ್ಬಕ್ಕೆ ಮುಂಚೆ ಎಬಿನೇಜರ್ ತೀರಿಕೊಂಡರು.

ತಿಪ್ಪೇಶ ಮತ್ತೆ ಯಾರ ಜೊತೆಗೂ ವಾದ್ಯ ನೋಡಲು ಹೋಗಲಿಲ್ಲ. ಹೋಗದೆ ಇದ್ದದ್ದರಿಂದ ಯಾರಿಗೂ ಒಳ್ಳೆಯದಾಗಲಿಲ್ಲ. ಕತ್ತು ಸೊಟ್ಟಗಾದ ಗಿಟಾರುಗಳು, ಸುಟ್ಟುಹೋದ ಆಂಪ್ಲಿಫೈಯರುಗಳು ಬಡವರ ಕೈಗೆ ಮಾರಾಟವಾದವು. ಕೊಂಡವರು ಅವನನ್ನೇ ಬೈದರು. ಅವನ ಕಿವಿಯೂ ಅವನನ್ನು ಬಿಡಲಿಲ್ಲ. ವೇದಿಕೆಯ ಮೇಲೆ ಹಾಡು ಮೇಲೇರುವ ಜಾಗ ಬಂದರೆ ಬೆರಳು ತಾನಾಗಿ ನಿಂತುಬಿಡುತ್ತಿತ್ತು. ಆರ್ಕೆಸ್ಟ್ರಾದವರು ಒಂದು ವರ್ಷ ತಾಳಿಕೊಂಡರು. ಆಮೇಲೆ ಬೇರೊಬ್ಬರನ್ನು ಇಟ್ಟುಕೊಂಡರು.

ಗುರುಗಳು ಕತೆ ನಿಲ್ಲಿಸಿದರು.

ಶಿಷ್ಯ ತಡೆಯಲಾರದೆ ಕೇಳಿದ: "ಆದರೆ ಸ್ವಾಮಿ, ಗಿಟಾರು ಕೆಟ್ಟಿದ್ದು ನಿಜವೇ ಅಲ್ಲವೇ? ಮುಚ್ಚಿಟ್ಟು ಗೆಳೆಯನಿಗೆ ಮೋಸ ಮಾಡಬೇಕಿತ್ತೇ? ಅವನು ಹೇಳಿದ ಮಾತಿನಲ್ಲಿ ತಪ್ಪೇನಿತ್ತು?"

ಗುರುಗಳು ಅವನ ಮುಖ ನೋಡಿ ಕೇಳಿದರು: "ನೀನು ಹೇಳಿದೆಯಲ್ಲ, ಹೇಳುವಾಗ ನಿನಗೆ ಸಂತೋಷವಾಗಿತ್ತೇ?"

ಶಿಷ್ಯ ತಲೆ ತಗ್ಗಿಸಿದ.